ಬೇಸಿಗೆಯ ಕೊನೆಯ ವಾರಗಳಲ್ಲಿ ಸಣ್ಣ ಪುಸ್ತಕದಂಗಡಿ: ಹೊಸ ಪುಸ್ತಕಗಳನ್ನು ತರಿಸುವ, ತೋರಿಸುವ, ಓದಿಸುವ ಬಗೆ

ನಮ್ಮ ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕು ಊರುಗಳಲ್ಲಿ ಸ್ವಂತ ಬಂಡವಾಳ ಹಾಕಿ ಕನ್ನಡ ಪುಸ್ತಕದಂಗಡಿ ನಡೆಸುವವರಿಗೆ ವ್ಯಾಪಾರದ ಹಂಗಾಮು ಎಂದರೆ ಎರಡೇ: ನವೆಂಬರ್‌ನ ರಾಜ್ಯೋತ್ಸವದ ರಿಯಾಯಿತಿ ಮಾರಾಟ ಮತ್ತು ಜೂನ್‌ನ ನೋಟ್‌ಬುಕ್ಕು, ಗೈಡುಗಳ ಭರಾಟೆ. ಮೇ ತಿಂಗಳ ಮೊದಲ ವಾರದಿಂದ ಶಾಲೆ ತೆರೆಯುವವರೆಗಿನ ದಿನಗಳನ್ನು ಹೆಚ್ಚಿನವರು ಮಂದಕಾಲವೆಂದು ಬಿಟ್ಟುಬಿಡುತ್ತಾರೆ. ಹೊಸ ಸಾಹಿತ್ಯ ಕೃತಿಗಳನ್ನು ಓದುಗರ ಕೈಗೆ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ಕಾಲ ಮತ್ತೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಹೊತ್ತಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಮನೆಗಳಲ್ಲಿ ಉಸಿರಾಡಲು ಬಿಡುವಾಗಿರುತ್ತದೆ, ಬೆಂಗಳೂರು ಸೇರಿದವರು ಮಕ್ಕಳೊಡನೆ ಅಜ್ಜಿಮನೆಗೆ ಬಂದಿರುತ್ತಾರೆ, ಅಂಗಡಿಯ ಅತ್ಯುತ್ತಮ ಗಿರಾಕಿಗಳಾದ ಮೇಷ್ಟ್ರುಗಳಿಗೆ ಶಾಲೆಯ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ರಾಜ್ಯ ಪಠ್ಯಕ್ರಮದ ಶಾಲೆಗಳು ಈಚಿನ ವರ್ಷಗಳಲ್ಲಿ ಮೇ 29ರ ಸುಮಾರಿಗೆ ತೆರೆಯುತ್ತಿರುವುದರಿಂದ ನಮಗೆ ಸಿಗುವುದು ಮೂರೂವರೆ ವಾರ. ಅದಕ್ಕೆ ಬೇಕಾದ ತಯಾರಿಯನ್ನು ಏಪ್ರಿಲ್ ನಡುವಿನಲ್ಲೇ ಆರಂಭಿಸಬೇಕು.

ಏಪ್ರಿಲ್ 23ರ ವಿಶ್ವ ಪುಸ್ತಕ ದಿನ ಬರುವಷ್ಟರಲ್ಲಿ ಪ್ರಕಾಶಕರಿಗೆ ನಿಮ್ಮ ಪಟ್ಟಿ ತಲುಪಿರಲಿ. ಕನ್ನಡದಲ್ಲಿ ಕತೆ, ಕವಿತೆ, ಪ್ರಬಂಧಗಳ ಮೊದಲ ಮುದ್ರಣ ಸಾಮಾನ್ಯವಾಗಿ 500 ಅಥವಾ 1000 ಪ್ರತಿಗಳನ್ನು ಮೀರುವುದಿಲ್ಲವಾದ್ದರಿಂದ, ತಡವಾಗಿ ಕೇಳಿದವರಿಗೆ ‘ಸ್ಟಾಕ್ ಇಲ್ಲ, ಮರುಮುದ್ರಣಕ್ಕೆ ಹೋಗಿದೆ’ ಎಂಬ ಉತ್ತರವೇ ಸಿಗುತ್ತದೆ. ಒಂದು ಶೀರ್ಷಿಕೆಗೆ ಮೂರರಿಂದ ಐದು ಪ್ರತಿ ಸಾಕು; ಲೇಖಕರು ನಿಮ್ಮ ಊರಿನವರೋ ನೆರೆಯ ತಾಲ್ಲೂಕಿನವರೋ ಆಗಿದ್ದರೆ ಹದಿನೈದು ಪ್ರತಿ ತರಿಸಿದರೂ ನಷ್ಟವಿಲ್ಲ. ನಗದು ಕೊಟ್ಟರೆ ರಿಯಾಯಿತಿ ಹೆಚ್ಚು, ಮಾರಾಟವಾದ ಮೇಲೆ ಹಣ ಕೊಡುವುದಾದರೆ ಕಡಿಮೆ. ಎರಡನೆಯದನ್ನು ಒಪ್ಪುವಾಗ ಎಷ್ಟು ದಿನಕ್ಕೊಮ್ಮೆ ಲೆಕ್ಕ ಮುಗಿಸಬೇಕು, ಉಳಿದ ಪ್ರತಿಗಳನ್ನು ಹಿಂದಿರುಗಿಸುವ ಸಾಗಣೆ ಖರ್ಚು ಯಾರದು, ಮುಖಪುಟ ಮಾಸಿದ ಪ್ರತಿಯನ್ನು ವಾಪಸು ತೆಗೆದುಕೊಳ್ಳುತ್ತಾರೆಯೇ ಎಂಬ ಮೂರು ಮಾತುಗಳನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು. ಪರಿಚಯದ ಪ್ರಕಾಶಕರೆಂದು ಬಾಯಿಮಾತಿನಲ್ಲಿ ಮುಗಿಸಿದರೆ ಸ್ನೇಹವೂ ಕೆಡುತ್ತದೆ, ಲೆಕ್ಕವೂ ಕೆಡುತ್ತದೆ.

ಪಾರ್ಸೆಲ್ ಬಂದ ದಿನವೇ ಬಿಚ್ಚಿ ಪ್ರತಿಯೊಂದು ಪ್ರತಿಯನ್ನೂ ಮಗುಚಿ ನೋಡಿ. ಪುಟಗಳನ್ನು ಹದಿನಾರರ ಕಟ್ಟುಗಳಾಗಿ, ಅಂದರೆ ಫಾರಂಗಳಾಗಿ, ಮಡಿಸಿ ಜೋಡಿಸುವಾಗ ಒಂದು ಫಾರಂ ಬಿಟ್ಟುಹೋಗುವುದು, ಒಂದೇ ಫಾರಂ ಎರಡು ಸಲ ಸೇರುವುದು, ತಲೆಕೆಳಗಾಗಿ ಕೂರುವುದು ಅಪರೂಪವಲ್ಲ. ಅದನ್ನು ಓದುಗರು ಮನೆಯಲ್ಲಿ ಕಂಡುಹಿಡಿಯುವುದಕ್ಕಿಂತ ನೀವು ಅಂಗಡಿಯಲ್ಲಿ ಕಂಡುಹಿಡಿಯುವುದು ಲೇಸು. ಹಾಗೆಯೇ ಒಳಗಿನ ವಿವರಪುಟವನ್ನು ಗಮನವಿಟ್ಟು ಓದಬೇಕು. ‘ಮೊದಲ ಮುದ್ರಣ, ಪುಟಗಳು, ಬೆಲೆ, ಪ್ರತಿಗಳು, ಬಳಸಿದ ಕಾಗದ 70 ಜಿ.ಎಸ್.ಎಂ. ಎನ್.ಎಸ್. ಮ್ಯಾಪ್‌ಲಿತೊ, ಆಕಾರ ಡೆಮಿ 1/8’ ಎಂದು ಇಷ್ಟು ವಿವರವಾಗಿ ಅಚ್ಚುಹಾಕುವ ಕನ್ನಡ ಪ್ರಕಾಶಕರ ಪದ್ಧತಿ ನನಗೆ ಬಹಳ ಪ್ರಿಯವಾದದ್ದು. ಹೊಸದಾಗಿ ಬಂದದ್ದು ನಿಜಕ್ಕೂ ಹೊಸ ಕೃತಿಯೋ, ಹಳೆಯ ಕೃತಿಯ ಮರುಮುದ್ರಣವೋ, ಶೀರ್ಷಿಕೆ ಬದಲಿಸಿ ಬಂದ ಆಯ್ದ ಸಂಕಲನವೋ ಎಂಬುದು ಗೊತ್ತಾಗುವುದು ಆ ಪುಟದಿಂದಲೇ. ಎಷ್ಟೋ ವರ್ಷ ಅಲಭ್ಯವಾಗಿದ್ದ ಪುಸ್ತಕ ಮರುಮುದ್ರಣಗೊಂಡು ಬಂದರೆ ಅದು ಹೊಸ ಪುಸ್ತಕದಷ್ಟೇ ದೊಡ್ಡ ಸುದ್ದಿ. ಆದರೆ ಅದನ್ನು ಮರುಮುದ್ರಣವೆಂದೇ ಹೇಳಿ ಮಾರಬೇಕು. ಮನೆಯಲ್ಲಿ ಇರುವ ಪುಸ್ತಕವನ್ನೇ ಹೊಸದೆಂದು ತಿಳಿದು ಕೊಂಡುಹೋದ ಓದುಗರು ಎರಡನೆಯ ಸಲ ನಿಮ್ಮ ಮಾತನ್ನು ನಂಬುವುದಿಲ್ಲ.

ಈಗ ಮೇಜಿನ ವಿಚಾರ. ಬಂದದ್ದನ್ನೆಲ್ಲ ‘ಹೊಸ ಪುಸ್ತಕಗಳು’ ಎಂಬ ಫಲಕದಡಿ ರಾಶಿ ಹಾಕುವುದು ಸುಲಭ. ಅದರಿಂದ ಓದುಗರಿಗೆ ಯಾವ ಸಹಾಯವೂ ಆಗದು. ಆನ್‌ಲೈನಿನಲ್ಲಿ ಇದಕ್ಕಿಂತ ಉದ್ದದ ಪಟ್ಟಿಯೂ ದೊಡ್ಡ ರಿಯಾಯಿತಿಯೂ ಅವರಿಗೆ ಸಿಗುತ್ತವೆ. ‘ಈ ಪುಸ್ತಕವನ್ನು ಇಲ್ಲಿ ಯಾರೋ ಓದಿದ್ದಾರೆ, ನನ್ನನ್ನು ಕಂಡು ಆರಿಸಿ ಕೊಡುತ್ತಿದ್ದಾರೆ’ ಎಂಬ ಭರವಸೆಯನ್ನು ಸಣ್ಣ ಅಂಗಡಿ ಮಾತ್ರ ಕೊಡಬಲ್ಲದು. ಆದ್ದರಿಂದ ಮೇಜಿನ ಮೇಲೆ ಹದಿನೈದು ಪುಸ್ತಕಗಳಿಗಿಂತ ಹೆಚ್ಚಿಡಬೇಡಿ; ಮುಖಪುಟ ಕಾಣುವಂತೆ ಮಲಗಿಸಿಡಿ; ನೀವೋ ನಿಮ್ಮ ಸಹಾಯಕರೋ ಕನಿಷ್ಠ ಅರ್ಧದಷ್ಟಾದರೂ ಓದದ ಪುಸ್ತಕವನ್ನು ಅಲ್ಲಿಗೆ ತರಬೇಡಿ. ಉಳಿದವು ಕಪಾಟಿನಲ್ಲಿ ತಮ್ಮ ತಮ್ಮ ವಿಭಾಗದಲ್ಲಿರಲಿ.

ಪ್ರತಿ ಪುಸ್ತಕದ ಜೊತೆ ಅಂಗೈಯಗಲದ ಒಂದು ಚೀಟಿಯಿರಲಿ, ಕೈಬರಹದಲ್ಲಿ. ಬೆನ್ನುಡಿಯ ಸಾಲುಗಳನ್ನು ಅದರಲ್ಲಿ ನಕಲು ಮಾಡಬಾರದು; ‘ಅಪೂರ್ವ’, ‘ವಿಶಿಷ್ಟ’, ‘ಓದಲೇಬೇಕಾದ’ ಎಂಬ ಪದಗಳನ್ನು ಬರೆದರೆ ಚೀಟಿಯೇ ವ್ಯರ್ಥ. ಚೀಟಿ ಹೀಗಿರಬಹುದು: ‘ತೀರ್ಥಹಳ್ಳಿ ಕಡೆಯ ಹಿನ್ನೆಲೆಯ ಒಂಬತ್ತು ಕತೆಗಳು. ಮೂರನೆಯದರಿಂದ ಆರಂಭಿಸಿ. ಮಾತು ಆ ಸೀಮೆಯದೇ, ಮೊದಲ ಹತ್ತು ಪುಟ ನಿಧಾನವಾಗಿ ಓದಿಸುತ್ತದೆ. 148 ಪುಟ, 180 ರೂಪಾಯಿ.’ ಏನಿದೆ, ಎಲ್ಲಿಂದ ಶುರು ಮಾಡಬೇಕು, ಎಲ್ಲಿ ತಾಳ್ಮೆ ಬೇಕು, ಬೆಲೆ ಎಷ್ಟು ಎಂಬ ನಾಲ್ಕೂ ಇದರಲ್ಲಿ ಬಂದಿವೆ. ತಾಳ್ಮೆ ಬೇಕಾದ ಜಾಗವನ್ನು ಮುಚ್ಚಿಡದೆ ಹೇಳಿದ ಚೀಟಿಯನ್ನು ಓದುಗರು ನಂಬುತ್ತಾರೆ. ಇಷ್ಟು ಬರೆಯಲು ಪುಸ್ತಕ ಓದಿರಲೇಬೇಕಾಗುತ್ತದೆ, ಆದ್ದರಿಂದ ಈ ಚೀಟಿ ಅಂಗಡಿಯವರಿಗೂ ಒಂದು ಕಟ್ಟುಪಾಡು.

ದೂರದ ಓದುಗರಿಗೆ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸುವಾಗಲೂ ಇದೇ ನಿಯಮ: ವಾರಕ್ಕೊಂದು ಸಂದೇಶ, ಅದರಲ್ಲಿ ಮೂರು ಪುಸ್ತಕ, ಚೀಟಿಯ ಮಾತುಗಳೇ. ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರಿಗಷ್ಟೇ ಜಾಗ. ಅದೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಆದ್ದರಿಂದ ಬಿಲ್ ಕೊಡುವಾಗಲೇ ಅಂಗಡಿಯ ಹೆಸರಿನಲ್ಲಿ ನಂಬರ್ ಸೇವ್ ಮಾಡಿಕೊಳ್ಳುವಂತೆ ಕೇಳಿಕೊಳ್ಳಿ. ಅಂಚೆಯಲ್ಲಿ ಕಳುಹಿಸಲು ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಸೇವೆಯನ್ನು ಆರಂಭಿಸಿದೆ. ಆರಂಭದಲ್ಲಿ ಗೊತ್ತುಮಾಡಿದ ದರದಂತೆ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ನಿಯತಕಾಲಿಕೆಗಳಿಗೆ ಈ ಸೌಲಭ್ಯವಿಲ್ಲ. ನೆಲದ ಮೇಲೆಯೇ ಸಾಗುವುದರಿಂದ ತಡವಾಗಬಹುದು ಎಂಬುದನ್ನು ಕೊಳ್ಳುವವರಿಗೆ ಮೊದಲೇ ತಿಳಿಸಿ.

ಕಾರ್ಯಕ್ರಮಗಳ ವಿಷಯಕ್ಕೆ ಬಂದರೆ, ಮೇಜಿನ ಮೇಲೆ ಪುಸ್ತಕವಿಲ್ಲದ ಯಾವ ಕಾರ್ಯಕ್ರಮವನ್ನೂ ಅಂಗಡಿಯಲ್ಲಿ ಮಾಡಬಾರದು ಎಂಬುದು ನಾನು ಒತ್ತಿ ಹೇಳಬಯಸುವ ಮಾತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಉದ್ಘಾಟನಾ ಭಾಷಣ, ಅಧ್ಯಕ್ಷರ ನುಡಿ, ವಂದನಾರ್ಪಣೆ ಇವೆಲ್ಲವೂ ಸಭಾಂಗಣಕ್ಕೆ ತಕ್ಕವು. ಅಂಗಡಿಯಲ್ಲಿ ಇಪ್ಪತ್ತೈದು ಜನ ಕುಳಿತು ಮುಕ್ಕಾಲು ಗಂಟೆ ಓದಿದ್ದನ್ನು ಕೇಳಿ, ಅರ್ಧ ಗಂಟೆ ಮಾತಾಡಿದರೆ ಸಾಕು. ಜಾಗ ಚಿಕ್ಕದೆಂದು ಹಿಂಜರಿಯುವವರು ಧಾರವಾಡದ ಸುಭಾಸ ರಸ್ತೆಯಲ್ಲಿರುವ ಮನೋಹರ ಗ್ರಂಥಮಾಲೆಯ ಅಟ್ಟವನ್ನು ನೆನೆಯಬೇಕು. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಆ ಸಂಸ್ಥೆಯ ಅಟ್ಟದ ಮೇಲೆ ಸೇರುತ್ತಿದ್ದ ಲೇಖಕರ ಮಾತುಕತೆ ಕನ್ನಡ ಸಾಹಿತ್ಯದ ಚರಿತ್ರೆಯ ಭಾಗವೇ ಆಗಿದೆ.

ದಿನಗಳನ್ನು ಆರಿಸಲು ಪಂಚಾಂಗದಷ್ಟೇ ಸಾಹಿತ್ಯದ ಕ್ಯಾಲೆಂಡರೂ ನೆರವಾಗುತ್ತದೆ. ಮೇ 5 ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದ ದಿನ, 1915ರಲ್ಲಿ. ಅಂದು ಊರಿನ ಲೇಖಕರೆಲ್ಲರ ಪುಸ್ತಕಗಳನ್ನು ಒಂದೆಡೆ ಜೋಡಿಸಿಡಬಹುದು. ಮೇ 19 ಗಿರೀಶ ಕಾರ್ನಾಡರು ಹುಟ್ಟಿದ ದಿನ. ರಂಗವಾಚನಕ್ಕೆ ಅದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ. ‘ತುಘಲಕ್’ ನಾಟಕದ ಮೊದಲ ದೃಶ್ಯ ನ್ಯಾಯಾಲಯದ ಹೊರಗೆ ನೆರೆದ ಜನರ ಮಾತಿನಿಂದಲೇ ತೆರೆದುಕೊಳ್ಳುತ್ತದೆಯಾದ್ದರಿಂದ ಏಳೆಂಟು ಓದುಗರಿಗೆ ಮಾತು ಹಂಚಬಹುದು. ವೇಷ, ಮೈಕು, ವೇದಿಕೆ ಏನೂ ಬೇಡ. ಕುರ್ಚಿಗಳನ್ನು ಸಾಲಾಗಿ ಇಡದೆ ಗುಂಡಾಗಿ ಇಡಿ, ಓದುವವರನ್ನು ಕೇಳುವವರ ನಡುವೆಯೇ ಕೂರಿಸಿ, ಆಗ ಗುಂಪಿನ ದನಿ ನಾಲ್ಕೂ ಕಡೆಯಿಂದ ಏಳುತ್ತದೆ. ಜೂನ್ 6 ಮಾಸ್ತಿಯವರು 1891ರಲ್ಲಿ ಹುಟ್ಟಿದ ದಿನವೂ ಹೌದು, 1986ರಲ್ಲಿ ತೀರಿಕೊಂಡ ದಿನವೂ ಹೌದು. ಮಾಸ್ತಿಯವರ ಕತೆಗಳು ಗಟ್ಟಿಯಾಗಿ ಓದಲೆಂದೇ ಬರೆದಂತಿವೆ. ಅಷ್ಟರಲ್ಲಿ ಶಾಲೆ ತೆರೆದಿರುವುದರಿಂದ ಇದನ್ನು ಸಂಜೆಗೆ ಇಟ್ಟುಕೊಳ್ಳಬೇಕಾಗುತ್ತದೆ. ಮೇ ತಿಂಗಳ ಕಾರ್ಯಕ್ರಮಗಳನ್ನು ಮಾತ್ರ ಬೆಳಗಿನ ಹತ್ತೂವರೆಗೇ ಆರಂಭಿಸಿ. ಮೇ ಎರಡನೆಯ ವಾರದಿಂದ ಕೃತ್ತಿಕೆ ಮಳೆ, 25ರ ಹೊತ್ತಿಗೆ ರೋಹಿಣಿ. ನಾಲ್ಕು ಗಂಟೆಗೆ ಗುಡುಗು, ಐದಕ್ಕೆ ಕರೆಂಟು ಹೋಗುವುದು ನಮ್ಮ ಕಡೆ ಎಲ್ಲರಿಗೂ ತಿಳಿದ ವಿಷಯವೇ.

ಓದುವ ಮುನ್ನ ಹಕ್ಕುಗಳ ವಿಚಾರ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಪ್ರಕಟವಾದ ಸಾಹಿತ್ಯ ಕೃತಿಯ ಮಿತವಾದ ಭಾಗವನ್ನು ಸಾರ್ವಜನಿಕವಾಗಿ ಓದಲು ಅಡ್ಡಿಯಿಲ್ಲ. ಇಡೀ ನಾಟಕವನ್ನೋ ಇಡೀ ಕತೆಯನ್ನೋ ಓದುವುದಾದರೆ, ಧ್ವನಿಮುದ್ರಿಸಿ ಹಂಚುವುದಾದರೆ ಹಕ್ಕುದಾರರ ಅನುಮತಿ ಪತ್ರ ಪಡೆಯಿರಿ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷದವರೆಗೆ ಹಕ್ಕು ಉಳಿದಿರುತ್ತದೆ. ಮಕ್ಕಳ ಕಾರ್ಯಕ್ರಮಕ್ಕೆ ಈ ಲೆಕ್ಕ ಬಹಳ ಉಪಯುಕ್ತ: 1979ರಲ್ಲಿ ತೀರಿಕೊಂಡ ಜಿ.ಪಿ. ರಾಜರತ್ನಂ ಅವರ ಪದ್ಯಗಳಿಗೆ ಇನ್ನೂ ಹಕ್ಕುಂಟು, 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪದ್ಯಗಳನ್ನು ಯಾರು ಬೇಕಾದರೂ ಹಾಡಬಹುದು, ಹಾಡಿಸಬಹುದು. ‘ನಾಗರ ಹಾವೆ’ ಪದ್ಯವನ್ನು ಒಮ್ಮೆ ಹಾಡಿಸಿ, ಆಮೇಲೆ ಮಕ್ಕಳ ಮುಂದೆ ಹೊಸ ಪುಸ್ತಕಗಳನ್ನು ಚಾಪೆಯ ಮೇಲೆ ಹರಡಿ ಅರ್ಧ ಗಂಟೆ ಸುಮ್ಮನೆ ಬಿಟ್ಟುಬಿಡಿ. ಪುಟ ಮಡಚೀತೆಂದು ಯಾರೂ ಗದರಿಸಬಾರದು. ಅದಕ್ಕಾಗಿಯೇ ಒಂದೊಂದು ಮಾದರಿ ಪ್ರತಿಯನ್ನು ತೆಗೆದಿಟ್ಟಿರಬೇಕು.

ಯಾವ ತಯಾರಿಯಲ್ಲೂ ಇಲ್ಲದ ಬೇಡಿಕೆ ಒಮ್ಮೊಮ್ಮೆ ಬರುತ್ತದೆ. 2025ರ ಮೇ 20ರಂದು ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ಸರಿಯಾಗಿ ಈ ವಾರಗಳಲ್ಲೇ. ಅದರ ಹನ್ನೆರಡು ಕತೆಗಳು ಕನ್ನಡದ ಒಂದೇ ಸಂಕಲನದಿಂದ ಆರಿಸಿದವಲ್ಲ ಎಂಬುದು ಗೊತ್ತಿದ್ದ ಅಂಗಡಿಯವರು ಮಾತ್ರ, ‘ಅದರ ಕನ್ನಡ ಪುಸ್ತಕ ಕೊಡಿ’ ಎಂದವರಿಗೆ ಸರಿಯಾದ ಉತ್ತರ ಕೊಡಬಲ್ಲವರಾಗಿದ್ದರು. ಇಂಥ ಸಂದರ್ಭದಲ್ಲಿ ಪುಸ್ತಕ ಇಲ್ಲವೆಂದು ಕಳುಹಿಸದೆ ಹೆಸರು, ಫೋನ್ ನಂಬರ್ ಬರೆದುಕೊಂಡು, ಆ ದಿನವೇ ಪ್ರಕಾಶಕರಿಗೆ ಫೋನ್ ಮಾಡಿ, ಬಂದೊಡನೆ ಒಬ್ಬೊಬ್ಬರಿಗೂ ತಿಳಿಸಬೇಕು. ಮುಂಗಡ ಹಣ ಕೇಳಬೇಡಿ.

ರಿಯಾಯಿತಿ ಈ ವಾರಗಳಲ್ಲಿ ಬೇಡ. ನವೆಂಬರ್‌ನಲ್ಲಿ ಹೇಗೂ ಕೊಡಲೇಬೇಕು. ಆರಿಸಿ, ಓದಿ, ಚೀಟಿ ಬರೆದು ಕೊಡುವ ಪುಸ್ತಕವನ್ನು ಪೂರ್ತಿ ಬೆಲೆಗೆ ಮಾರುವುದರಲ್ಲಿ ಸಂಕೋಚಪಡಬೇಕಾದ್ದು ಏನೂ ಇಲ್ಲ. ಚಹಾ ಕೊಡಿ, ಸಾಕು.

ಮೇ ಕೊನೆಯ ವಾರ ಕೌಂಟರಿನ ಮುಂದೆ ನೋಟ್‌ಬುಕ್ಕುಗಳ ಬಂಡಲುಗಳು ಏರತೊಡಗುವ ಮೊದಲೇ ಹೊಸ ಪುಸ್ತಕಗಳ ಮೇಜನ್ನು ಒಳಗಿನ ಗೋಡೆಯ ಬದಿಗೆ ಸರಿಸಿ. ತೆಗೆದುಹಾಕಬೇಡಿ, ನೋಟ್‌ಬುಕ್ಕಿಗಾಗಿ ಕಾಯುವ ತಂದೆತಾಯಿಯರ ಕಣ್ಣು ಅದರ ಮೇಲೆ ಬೀಳಲಿ. ಕೆಳಗಿನ ಅಡಿಯ ಪುಸ್ತಕಗಳನ್ನು ನೆಲದಿಂದ ಒಂದು ಗೇಣು ಮೇಲಕ್ಕೆತ್ತಿ, ಕಪಾಟಿಗೂ ಗೋಡೆಗೂ ನಡುವೆ ಗಾಳಿಯಾಡಲು ಜಾಗ ಬಿಡಿ, ಗೆದ್ದಲಿನ ಗುರುತಿದೆಯೇ ನೋಡಿ, ಮೂಲೆಗಳಲ್ಲಿ ನುಸಿಗುಳಿಗೆ ಇಡಿ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಜೂನ್ ಮೊದಲ ವಾರ ದಾಟಿದರೆ ಈ ಕೆಲಸಕ್ಕೆ ಒಣ ದಿನ ಸಿಗುವುದಿಲ್ಲ. ಮಾರಾಟವಾಗದೆ ಉಳಿದ ಪ್ರತಿಗಳಲ್ಲಿ ತಲಾ ಒಂದನ್ನು ಇಟ್ಟುಕೊಂಡು ಮಿಕ್ಕವನ್ನು ಮಳೆ ಹಿಡಿಯುವ ಮೊದಲೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹಿಂದಕ್ಕೆ ಕಳುಹಿಸಿ, ಮಾರಾಟವಾದವುಗಳ ಹಣವನ್ನು ಅದೇ ದಿನ ಪ್ರಕಾಶಕರ ಖಾತೆಗೆ ಹಾಕಿ, ಯಾವ ಶೀರ್ಷಿಕೆ ಎಷ್ಟು ಹೋಯಿತೆಂಬ ಪಟ್ಟಿಯನ್ನೂ ಜೊತೆಗೆ ಕಳುಹಿಸಿ. ದಸರೆಯ ಹೊತ್ತಿಗೆ ಬರುವ ಹೊಸ ಪುಸ್ತಕಗಳಲ್ಲಿ ನಿಮಗೆಂದು ಐದು ಪ್ರತಿ ತೆಗೆದಿಡುವ ಮೊದಲು ಅವರು ನೋಡುವುದು ಆ ಪಟ್ಟಿಯನ್ನೇ.