ಮಸುಕಾದ ಪಟ್ಟಿಗಳ ಹಿಂದೆ ಹೋದ ನನ್ನ ವರ್ಷಗಳು

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಮಿದುಳಿಗೂ ನನಗೂ ಸಂಬಂಧವೇ ಇರಲಿಲ್ಲ. ಒಂದು ದಿನ ಬೇರೇನೋ ಹುಡುಕುತ್ತಿದ್ದಾಗ ಬೆಕ್ಕಿನ ಮಿದುಳಿನ ಒಂದು ನರಕೋಶದ ನಕ್ಷೆ ಕಣ್ಣಿಗೆ ಬಿತ್ತು. ಎಲ್ಲಿ ಬೆಳಕು ಬಿದ್ದರೆ ಆ ಕೋಶ ಚುರುಕಾಗುತ್ತದೆ, ಎಲ್ಲಿ ಬಿದ್ದರೆ ಸುಮ್ಮನಾಗುತ್ತದೆ ಅಂತ ತೋರಿಸುವ ನಕ್ಷೆ. ನಡುವೆ ಒಂದು ಓರೆ ಪಟ್ಟಿ, ಎರಡೂ ಪಕ್ಕ ಅದಕ್ಕೆ ವಿರುದ್ಧ ಗುಣದ ಪಟ್ಟಿಗಳು, ಅಂಚಿಗೆ ಹೋದ ಹಾಗೆ ಎಲ್ಲ ಮಾಯ. ಇದನ್ನು ನಾನು ಮೊದಲೇ ನೋಡಿದ್ದೆ! ಸಿಗ್ನಲ್ ಪ್ರೊಸೆಸಿಂಗ್ ಕ್ಲಾಸಿನಲ್ಲಿ ಬರೆದು ಬರೆದು ಕೈಗೆ ಬಂದಿದ್ದ ಗೇಬರ್ ಫಿಲ್ಟರ್, ಅಂದರೆ ಚಿತ್ರದಲ್ಲಿ ಒಂದು ಓರೆಯ ಪಟ್ಟಿಗಳನ್ನು ಹೆಕ್ಕುವ ಗಣಿತದ ಜರಡಿ, ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈ ಬಗೆಯ ಕೋಶಗಳನ್ನು ಮೊದಲು ಕಂಡವರು ನರವಿಜ್ಞಾನಿಗಳಾದ ಡೇವಿಡ್ ಹ್ಯೂಬಲ್ ಮತ್ತು ಟಾರ್ಸ್ಟನ್ ವೀಸಲ್. ಅವರ ಮೊದಲ ಪೇಪರ್ ಬಂದದ್ದು 1959ರಲ್ಲಿ. ಗಾಜಿನ ಸ್ಲೈಡಿನ ಮೇಲಿನ ಚುಕ್ಕೆಗಳನ್ನು ಎಷ್ಟು ತೋರಿಸಿದರೂ ಕೋಶ ಸರಿಯಾಗಿ ಸ್ಪಂದಿಸುತ್ತಿರಲಿಲ್ಲವಂತೆ. ಸ್ಲೈಡನ್ನು ಒಳಗೆ ತಳ್ಳುವಾಗ ಅದರ ಅಂಚಿನ ತೆಳು ನೆರಳು ಹಾದುಹೋಯಿತು, ಕೋಶ ಪಟಪಟ ಅಂತ ಹೊಡೆದುಕೊಂಡಿತು. ಅದಕ್ಕೆ ಬೇಕಿದ್ದದ್ದು ಚುಕ್ಕೆಯಲ್ಲ, ಒಂದು ನಿರ್ದಿಷ್ಟ ಓರೆಯ ಗೆರೆ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಗಣಿತ ಗೊತ್ತಿದ್ದರೆ ಸಾಕು ಅಂದುಕೊಂಡು ಪಿಎಚ್‌ಡಿಗೆ ಸೇರಿದೆ. ಮೊದಲ ವಾರ ಗೈಡ್ ನನಗೆ ಪೇಪರ್ ಕೊಡಲಿಲ್ಲ, ಒಂದು ರಟ್ಟು ಕೊಟ್ಟರು. "ನಡುವೆ ದುಂಡಗೆ ಒಂದು ತೂತು ಮಾಡಿ. ಹಾಳೆ ಮೇಲೆ ಉದ್ದಕ್ಕೆ ಒಂದು ಓರೆ ಗೆರೆ ಎಳೆದು, ತೂತಿನ ಹಿಂದೆ ಇಟ್ಟು ಸರಿಸಿ ನೋಡಿ" ಅಂದರು. ಗೆರೆಯ ತುದಿಗಳು ಮಾತ್ರ ಕಾಣಬಾರದು.

ಹಾಳೆಯನ್ನು ಅಡ್ಡಕ್ಕೆ ಸರಿಸಿದೆ. ಗೆರೆ ಓರೆಯಾಗಿ ಜಾರಿದ ಹಾಗೆ ಕಂಡಿತು. ನೆಟ್ಟಗೆ ಕೆಳಗೆ ಎಳೆದೆ. ಆಗಲೂ ಅದೇ ಓರೆ ಚಲನೆ. ನನ್ನದೇ ಕೈ, ಯಾವ ಕಡೆ ಎಳೆಯುತ್ತಿದ್ದೇನೆ ಅಂತ ನನಗೇ ಗೊತ್ತು. ಆದರೂ ಕಣ್ಣು ಒಪ್ಪುತ್ತಿಲ್ಲ. ಇದನ್ನು ಅಪರ್ಚರ್ ಸಮಸ್ಯೆ ಅನ್ನುತ್ತಾರೆ. ತೂತಿನೊಳಗೆ ಕಾಣುವ ಒಂದೇ ದೃಶ್ಯಕ್ಕೆ ಹೊಂದುವ ಚಲನೆಗಳು ಲೆಕ್ಕವಿಲ್ಲದಷ್ಟಿವೆ. ಮಿದುಳು ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ, ಗೆರೆಗೆ ಲಂಬವಾಗಿರುವುದನ್ನು. ಲೆಕ್ಕ ಹಾಕಿದರೆ, ಹೊಂದುವ ಎಲ್ಲ ಚಲನೆಗಳಲ್ಲೂ ತೀರ ನಿಧಾನವಾದದ್ದು ಅದೇ. ಕಣ್ಣಿನ ಮಾಹಿತಿಯನ್ನು ಮೊದಮೊದಲು ಸಂಸ್ಕರಿಸುವ ಪ್ರತಿ ಕೋಶವೂ ಇಂಥದ್ದೇ ಒಂದು ಸಣ್ಣ ತೂತಿನಿಂದ ಲೋಕ ನೋಡುತ್ತದೆ. ಅಂದರೆ ಊಹೆ ಮಾಡದೆ ಬೇರೆ ದಾರಿಯೇ ಇಲ್ಲ. ನೋಡುವುದು ಅಂದರೆ ನಮಗೇ ತಿಳಿಯದ ಹಾಗೆ ನಡೆಯುವ ಊಹೆ ಅಂತ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಹೇಳಿದ್ದ. ಆ ಮಾತಿನ ತೂಕ ನನಗೆ ತಿಳಿದದ್ದು ಆ ರಟ್ಟಿನಿಂದ.

ನನ್ನ ಪಿಎಚ್‌ಡಿ ವಿಷಯ ಇಲ್ಲಿಂದಲೇ ಹುಟ್ಟಿತು. ಚಲಿಸುವ ಪಟ್ಟಿಗಳನ್ನು ಮಸುಕು ಮಾಡಿದರೆ, ಅಂದರೆ ಕಾಂಟ್ರಾಸ್ಟ್ ಇಳಿಸಿದರೆ, ಅವು ನಿಧಾನವಾಗಿ ಕಾಣುತ್ತವೆ. 1982ರಲ್ಲಿ ಪೀಟರ್ ಥಾಂಪ್ಸನ್ ಇದನ್ನು ಅಳೆದು ತೋರಿಸಿದ್ದರು. 2002ರಲ್ಲಿ ವೈಸ್, ಸಿಮೊನ್‌ಚೆಲ್ಲಿ, ಏಡಲ್‌ಸನ್ ಒಂದು ಸೊಗಸಾದ ಉತ್ತರ ಕೊಟ್ಟರು. ಲೋಕದಲ್ಲಿ ಹೆಚ್ಚಿನ ವಸ್ತುಗಳು ನಿಂತಿರುತ್ತವೆ ಇಲ್ಲವೇ ನಿಧಾನ ಚಲಿಸುತ್ತವೆ ಅಂತ ಮಿದುಳು ಮೊದಲೇ ನಂಬಿರುತ್ತದೆ. ಕಣ್ಣಿನ ಸಾಕ್ಷಿ ಗಟ್ಟಿಯಾಗಿದ್ದರೆ ಆ ನಂಬಿಕೆಗೆ ಕೆಲಸ ಕಡಿಮೆ. ದೃಶ್ಯ ಮಸುಕಾದರೆ ಸಾಕ್ಷಿ ದುರ್ಬಲ, ಆಗ ನಂಬಿಕೆಯ ಕೈ ಮೇಲಾಗುತ್ತದೆ. ಈ ಒಂದೇ ಊಹೆಯಿಂದ ಚಲನೆಯ ಎಷ್ಟೋ ಭ್ರಮೆಗಳ ಗಂಟು ಬಿಚ್ಚಿತು, ರಟ್ಟಿನ ತೂತಿನ ಗೆರೆಯದ್ದೂ ಸೇರಿ. ಈ ನಂಬಿಕೆ ಒಬ್ಬೊಬ್ಬರಲ್ಲೂ ಎಷ್ಟು ಗಟ್ಟಿ ಅಂತ ಅಳೆಯುವುದು ನನ್ನ ಕೆಲಸವಾಯಿತು.

ಕೋಣೆ ಕತ್ತಲು. ಗದ್ದವನ್ನು ಸ್ಟ್ಯಾಂಡಿನ ಮೇಲೆ ಇಟ್ಟುಕೊಂಡು ನಡುವಿನ ಚುಕ್ಕೆಯನ್ನೇ ನೋಡಬೇಕು. ಎಡಕ್ಕೊಂದು ಬಲಕ್ಕೊಂದು, ಒಂದು ಮಸುಕು ಇನ್ನೊಂದು ಸ್ಪಷ್ಟ, ಪಟ್ಟಿಗಳ ಗುಂಪು ಅರ್ಧ ಸೆಕೆಂಡ್ ಸರಿದು ಮಾಯವಾಗುತ್ತದೆ. ಯಾವುದು ವೇಗ? ಎಡ ಅಥವಾ ಬಲ ಕೀ ಒತ್ತಬೇಕು. "ಎರಡೂ ಒಂದೇ" ಅನ್ನೋ ಕೀ ಇಲ್ಲ. ಒಂದು ಸಲ ಕೂತರೆ 400 ಬಾರಿ ಹೀಗೆ. ಒಂದರ ವೇಗವನ್ನು ಬದಲಿಸುತ್ತಾ ಹೋಗಿ, ಅದೇ ವೇಗ ಅಂದ ಉತ್ತರಗಳನ್ನು ಗ್ರಾಫಿಗೆ ಹಾಕಿದರೆ ಮೆಲ್ಲಗೆ ಏರುವ ಒಂದು ವಕ್ರರೇಖೆ ಬರುತ್ತದೆ. ಅದು 50 ಶೇಕಡಾ ದಾಟುವ ಜಾಗದಲ್ಲಿ ಎರಡೂ ಒಂದೇ ವೇಗ ಅಂತ ಆ ವ್ಯಕ್ತಿಗೆ ಕಂಡಿದೆ.

ಹನ್ನೊಂದು ಜನರನ್ನು ಕೂರಿಸಿದೆ. ನಾಲ್ಕು ತಿಂಗಳ ಕೆಲಸ. ಪರಿಣಾಮ ದೊಡ್ಡದಾಗಿ ಬಂದಿತ್ತು, ನಿಧಾನದ ನಂಬಿಕೆಯ ಗಣಿತದ ಮಾಡೆಲ್ ಚೆನ್ನಾಗಿ ಹೊಂದಿತ್ತು. ಒಂದು ಮಧ್ಯಾಹ್ನ ಸುಮ್ನೆ ಬೆಳಕು ಅಳೆಯುವ ಫೋಟೋಮೀಟರನ್ನು ಮಾನಿಟರಿಗೆ ಹಿಡಿದೆ. ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು.

ಸಾಮಾನ್ಯ ಮಾನಿಟರಿಗೆ ಅರ್ಧ ಮೌಲ್ಯ ಕೊಟ್ಟರೆ ಅರ್ಧ ಬೆಳಕು ಬರುವುದಿಲ್ಲ. ಬರುವುದು ಪೂರ್ತಿ ಬೆಳಕಿನ ಸುಮಾರು ಐದನೇ ಒಂದು ಭಾಗ. ಇದನ್ನು ಸರಿಪಡಿಸಲು ಪ್ರತಿ ಮಾನಿಟರಿಗೂ ಅಳೆದು ಒಂದು ಗಾಮಾ ಟೇಬಲ್ ಮಾಡಿಕೊಳ್ಳುತ್ತೇವೆ. ನಡುವೆ ಮಾನಿಟರ್ ಬದಲಾಗಿತ್ತು, ಟೇಬಲ್ ಹಳೆಯದೇ ಉಳಿದಿತ್ತು. ನಾನು 5 ಶೇಕಡಾ ಕಾಂಟ್ರಾಸ್ಟ್ ಅಂತ ಬರೆದುಕೊಂಡದ್ದು ನಿಜಕ್ಕೂ 5 ಆಗಿರಲಿಲ್ಲ. ಇನ್ನೊಂದು ವಿಷಯವೂ ಆಗಲೇ ತಿಳಿಯಿತು. 256 ಮಟ್ಟಗಳಿರುವ ಪರದೆಯಲ್ಲಿ 1 ಶೇಕಡಾ ಕಾಂಟ್ರಾಸ್ಟ್ ಅಂದರೆ ಬರೀ ಎರಡು-ಮೂರು ಮಟ್ಟಗಳ ವ್ಯತ್ಯಾಸ. ಅದು ನಯವಾದ ಅಲೆಯಲ್ಲ, ಮೆಟ್ಟಿಲು.

ಗೈಡ್‌ಗೆ ಅದೇ ಸಂಜೆ ಹೇಳಿದೆ. "ಎಲ್ಲ ಮತ್ತೆ ಮಾಡೋಣ" ಅಂದರು, ಅಷ್ಟೇ. ಮಾಡಿದೆವು. ಪರಿಣಾಮ ಉಳಿಯಿತು, ಆದರೆ ಚಿಕ್ಕದಾಯಿತು.

ಎರಡನೆಯ ಸಲದ ಅಳತೆಯಲ್ಲಿ ಮಾಡೆಲ್ಲೇ ಕೈಕೊಟ್ಟಿತು. ನಂಬಿಕೆ ಗಟ್ಟಿಯಾಗಿದೆಯೋ ಅಥವಾ ಕಣ್ಣಿನ ಸಂಕೇತದಲ್ಲಿ ಗದ್ದಲ (ನಾಯ್ಸ್) ಜಾಸ್ತಿಯೋ, ಎರಡೂ ಗ್ರಾಫಿನಲ್ಲಿ ಒಂದೇ ತರ ಕಾಣುತ್ತವೆ. ಇದನ್ನು ಹಿಡಿಯಲು ಒಂದು ಉಪಾಯವಿದೆ, ಈ ಕೆಲಸಕ್ಕೆ ಬರುವ ಎಲ್ಲರೂ ಮೊದಲ ದಿನವೇ ಕಲಿಯಬೇಕು ಅಂತ ನನ್ನ ಆಸೆ. ನಿಮಗೆ ಗೊತ್ತಿರುವ ಮೌಲ್ಯಗಳನ್ನೇ ಕೊಟ್ಟು ಮಾಡೆಲ್‌ನಿಂದ ಹುಸಿ ದತ್ತಾಂಶ ಹುಟ್ಟಿಸಿ. ಆಮೇಲೆ ಅದಕ್ಕೆ ಮಾಡೆಲ್ ಹೊಂದಿಸಿ, ಕೊಟ್ಟ ಮೌಲ್ಯಗಳೇ ವಾಪಸ್ ಬರುತ್ತವಾ ನೋಡಿ. ನನ್ನದರಲ್ಲಿ ಬರಲಿಲ್ಲ. ವಕ್ರರೇಖೆ ಎಲ್ಲಿ ದಾಟುತ್ತದೆ ಅನ್ನೋದರ ಜೊತೆಗೆ ಎಷ್ಟು ಕಡಿದಾಗಿ ಏರುತ್ತದೆ ಅನ್ನೋದನ್ನೂ ಲೆಕ್ಕಕ್ಕೆ ತಂದಾಗ ಎರಡೂ ಬೇರೆಯಾದವು. ಏರು ಅಷ್ಟು ಕಡಿದಾಗಿಲ್ಲದಿದ್ದರೆ ಗದ್ದಲ ಜಾಸ್ತಿ. 2006ರಲ್ಲಿ ಸ್ಟಾಕರ್ ಮತ್ತು ಸಿಮೊನ್‌ಚೆಲ್ಲಿ ಹಿಡಿದದ್ದೂ ಇದೇ ದಾರಿ.

ಪಿಎಚ್‌ಡಿ ಮುಗಿಯಿತು. ಆಮೇಲೆ ಎರಡು ಪೋಸ್ಟ್‌ಡಾಕ್, ಎರಡೂ ಕಡೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನೋ ಚಿಂತೆ. 2012ರ ನಂತರ, ಉದಾಹರಣೆಗಳಿಂದ ತಾವೇ ಕಲಿಯುವ ಕಂಪ್ಯೂಟರ್ ಜಾಲಗಳಾದ ಡೀಪ್ ನೆಟ್‌ವರ್ಕ್‌ಗಳ ಅಲೆ ಎದ್ದಿತು. ಚಿತ್ರ ಗುರುತಿಸಲು ಕಲಿತ ನೆಟ್‌ವರ್ಕ್‌ನ ಒಳಪದರಗಳು ಮಂಗನ ಮಿದುಳಿನ ಕೋಶಗಳ ಸ್ಪಂದನೆಯನ್ನು ಚೆನ್ನಾಗಿ ಊಹಿಸುತ್ತವೆ ಅಂತ 2014ರಲ್ಲಿ ಗೊತ್ತಾದಾಗ ನಾನೂ ಅದನ್ನು ಕಲಿತೆ, ಈಗಲೂ ಬಳಸುತ್ತೇನೆ. ಆದರೆ ಮನಸ್ಸು ನೆಟ್ಟದ್ದು ಮಸುಕು ಪಟ್ಟಿಗಳಲ್ಲೇ.

ಎಲ್ಲಿ ಮಾತಾಡಿದರೂ ಮಂಜಿನ ಉದಾಹರಣೆ ಕೊಡುತ್ತಿದ್ದೆ. ಮಂಜಿನಲ್ಲಿ ವೇಗ ಕಡಿಮೆ ಕಾಣುತ್ತದೆ, ಅದಕ್ಕೇ ಜನ ಗಾಡಿ ಜೋರಾಗಿ ಓಡಿಸುತ್ತಾರೆ ಅಂತ. 1998ರ ಒಂದು ಪ್ರಯೋಗ ಹಾಗೆ ತೋರಿಸಿತ್ತು. 2012ರಲ್ಲಿ ಬೇರೊಂದು ತಂಡ ನಿಜವಾದ ಮಂಜಿನ ಹಾಗೆ, ದೂರ ಹೋದಷ್ಟೂ ಮಸುಕು ಹೆಚ್ಚುವಂತೆ ಮಾಡಿ ನೋಡಿತು. ಫಲಿತಾಂಶ ಉಲ್ಟಾ ಬಂತು: ವೇಗ ಜಾಸ್ತಿ ಕಂಡಿತು, ಜನ ನಿಧಾನ ಓಡಿಸಿದರು. ಪರದೆಯ ಪಟ್ಟಿಯಿಂದ ರಸ್ತೆಗೆ ನಾನು ಅಷ್ಟು ಸಲೀಸಾಗಿ ಹಾರಬಾರದಿತ್ತು. ಆ ಉದಾಹರಣೆಯನ್ನು ಅವತ್ತೇ ಕೈಬಿಟ್ಟೆ.

ಈಗ ನನ್ನದೇ ಒಂದು ಸಣ್ಣ ಲ್ಯಾಬ್ ಇದೆ. ಯಾವ ಪ್ರಯೋಗವಾದರೂ ಮೊದಲು ಕೂರುವುದು ನಾನು ಮತ್ತು ಅದನ್ನು ಬರೆದ ವಿದ್ಯಾರ್ಥಿ. ಪಟ್ಟಿಗಳು ಸೆಕೆಂಡಿಗೆ ಸುಮಾರು 8 ಸಲಕ್ಕಿಂತ ಹೆಚ್ಚು ದಾಟಿಹೋದರೆ ಕತೆ ತಿರುವುಮುರುವಾಗಿ, ಮಸುಕಾದದ್ದೇ ವೇಗ ಕಾಣಬಹುದು ಅಂತ ಥಾಂಪ್ಸನ್ ಆಗಲೇ ಬರೆದಿದ್ದರು. ನಿಧಾನದ ನಂಬಿಕೆ ಇದನ್ನು ವಿವರಿಸುವುದಿಲ್ಲ. ನಿಧಾನ ಚಲನೆಗೊಂದು, ವೇಗದ ಚಲನೆಗೊಂದು ಫಿಲ್ಟರ್ ಇದ್ದು, ಮಿದುಳು ಅವುಗಳ ಅನುಪಾತ ನೋಡುತ್ತದೆ ಅನ್ನೋ ಮಾಡೆಲ್ ವಿವರಿಸುತ್ತದೆ. ಈ ಎರಡನ್ನೂ ಎದುರುಬದುರು ನಿಲ್ಲಿಸುವ ಪ್ರಯೋಗ ನಮ್ಮದೀಗ.

ಹೋದ ವಾರ ಹೊಸದಾಗಿ ಸೇರಿದ ವಿದ್ಯಾರ್ಥಿನಿ ಮೊದಲ ಸಲ ಕೂತಳು. ಹತ್ತು ನಿಮಿಷಕ್ಕೆ ಬಾಗಿಲು ತೆಗೆದು, "ಕೋಡ್‌ನಲ್ಲಿ ತಪ್ಪಿದೆ ಅನ್ಸುತ್ತೆ, ಮಸುಕಾದ್ದು ಪ್ರತಿ ಸಲವೂ ನಿಧಾನ ಹೋಗ್ತಿದೆ" ಅಂದಳು. ಇಬ್ಬರೂ ಕೂತು ಕೋಡ್ ತೆರೆದು ಸಾಲು ಸಾಲಾಗಿ ನೋಡಿದೆವು. ಎರಡರ ವೇಗವೂ ಒಂದೇ ಇತ್ತು. ಅವಳು ಸ್ವಲ್ಪ ಹೊತ್ತು ಆ ಸಂಖ್ಯೆಗಳನ್ನೇ ನೋಡಿ, ಮತ್ತೆ ಒಳಗೆ ಹೋಗಿ ಗದ್ದ ಊರಿ ಕೂತಳು.