ಲಾರಿ ಹತ್ತಿದ ಮೇಲೆ ರೇಟು ಏರಿಸಿದವರಿಂದ ಸಾಮಾನು ಬಿಡಿಸಿಕೊಂಡಿದ್ದು: ಗುರುಗ್ರಾಮದಿಂದ ಮೈಸೂರಿಗೆ

ಪ್ಯಾಕರ್ಸ್ ಅಂಡ್ ಮೂವರ್ಸ್ ಹೆಸರಲ್ಲಿ ಮೋಸ ಮಾಡುವವರ ನಿಜವಾದ ಮುಖ ಕಾಣುವುದು ಸಾಮಾನು ಲಾರಿ ಹತ್ತಿದ ಮೇಲೆ. ಅಲ್ಲಿತನಕ ಎಲ್ಲಾ ಬೆಣ್ಣೆ ಮಾತು. ಹೇಳಿದ ಹೊತ್ತಿಗೆ ಬರುತ್ತಾರೆ, ಒಂದೊಂದು ಗಾಜಿನ ಲೋಟಕ್ಕೂ ಎರಡೆರಡು ಸುತ್ತು ಪೇಪರ್ ಸುತ್ತುತ್ತಾರೆ, "ನೀವು ಆರಾಮಾಗಿ ಫ್ಲೈಟ್ ಹತ್ತಿ ಮೇಡಂ" ಅನ್ನುತ್ತಾರೆ. ನೀವು ಊರು ಸೇರಿ ಖಾಲಿ ಮನೆಯಲ್ಲಿ ಚಾಪೆ ಹಾಸಿಕೊಂಡು ಕೂತಿರುವಾಗ ಫೋನ್ ಬರುತ್ತದೆ. ದನಿ ಬೇರೆ, ಲೆಕ್ಕ ಬೇರೆ.

ಹೋದ ವರ್ಷ ನಾವು ಗುರುಗ್ರಾಮದ ಮನೆ ಖಾಲಿ ಮಾಡಿ ಮೈಸೂರಿಗೆ ಬಂದಾಗ ಆಗಿದ್ದು ಇದೇ. ಎರಡು ಬೆಡ್‌ರೂಮಿನ ಮನೆಯ ಸಾಮಾನು. ಪ್ಯಾಕಿಂಗ್, ಹತ್ತಿಸುವುದು, ಇಳಿಸುವುದು, ಮೂರನೇ ಮಹಡಿಗೆ ಏರಿಸುವುದು, ಜಿಎಸ್‌ಟಿ, ಎಲ್ಲಾ ಸೇರಿ 52,000 ರೂಪಾಯಿ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಂಡಿದ್ದೆ. ಹತ್ತಿಸಿದ ದಿನವೇ ಪೂರ್ತಿ ದುಡ್ಡು ಕೊಡಿ ಅಂತ ಹಟ ಹಿಡಿದರು. ನಾನು ಮುಂಗಡವೂ ಸೇರಿ 30,000 ಕೊಟ್ಟು, ಉಳಿದ 22,000 ಮನೆಯಲ್ಲಿ ಇಳಿಸಿದ ಮೇಲೆ ಅಂದೆ. ಗೊಣಗಿಕೊಂಡು ಒಪ್ಪಿದರು. ಆ 22,000 ನನ್ನ ಹತ್ತಿರ ಇಲ್ಲದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಫೋನ್ ಮಾಡಿದವನು ಕೇಳಿದ್ದು ಇನ್ನೂ 34 ಸಾವಿರ ಚಿಲ್ಲರೆ. ಸಾಮಾನು ಅಂದಾಜಿಗಿಂತ ಜಾಸ್ತಿ ಆಗಿದೆಯಂತೆ, ಅದಕ್ಕೆ 19,000. ಜಿಎಸ್‌ಟಿ 18 ಪರ್ಸೆಂಟ್ ಬೇರೆ, 9,360. ಕರ್ನಾಟಕದ ಬಾರ್ಡರ್ ಟ್ಯಾಕ್ಸ್ ಅಂತ 6,000. ಈಗಲೇ ಹಾಕದಿದ್ದರೆ ಗೋಡೌನ್ ಬಾಡಿಗೆ ದಿನಕ್ಕೆ 500. "ನಿಮ್ಮ ಸಾಮಾನು ಎಲ್ಲೂ ಹೋಗಲ್ಲ ಮೇಡಂ, ದುಡ್ಡು ಹಾಕಿದ ತಕ್ಷಣ ಗಾಡಿ ಹೊರಡುತ್ತೆ." ಇದು ಬೆದರಿಕೆ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ ಅಲ್ವಾ?

ಕೂಗಾಡಬೇಕು ಅನ್ನಿಸಿತು. ಕೂಗಾಡಲಿಲ್ಲ. "ಆಯ್ತಣ್ಣ, ಯಾವುದಕ್ಕೆ ಎಷ್ಟು ಅಂತ ವಾಟ್ಸಾಪ್‌ನಲ್ಲಿ ಹಾಕಿ, ನಮ್ಮ ಯಜಮಾನರಿಗೆ ತೋರಿಸಬೇಕು" ಅಂದೆ. ಯಜಮಾನರು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು, ಅದು ಬೇರೆ ಮಾತು. ಅವನು ಬರೆದು ಹಾಕಿದ. ಇಂಥವರು ಫೋನಿನಲ್ಲಿ ಏನು ಬೇಕಾದರೂ ಹೇಳುತ್ತಾರೆ, ಬರೆದುಕೊಡಿ ಅಂದರೆ ತಡವರಿಸುತ್ತಾರೆ. ಇವನು ಇನ್ನೇನು ದುಡ್ಡು ಬಂತು ಅನ್ನುವ ಆಸೆಯಲ್ಲಿ ಬರೆದ. ಆಮೇಲೆ ಪೊಲೀಸರಿಗೂ ಗ್ರಾಹಕರ ಆಯೋಗಕ್ಕೂ ಕೊಟ್ಟ ಮೊದಲ ಕಾಗದ ಅದೇ ಮೆಸೇಜಿನ ಪ್ರಿಂಟು.

ಒಂದೊಂದೇ ಬಾಬತ್ತು ಹಿಡಿದು ಕೂತೆ. ಬಾರ್ಡರ್ ಟ್ಯಾಕ್ಸ್ ಶುದ್ಧ ಸುಳ್ಳು. ಊರಿಗೆ, ರಾಜ್ಯಕ್ಕೆ ಸರಕು ಬಂದಾಗ ಹಾಕುತ್ತಿದ್ದ ಆಕ್ಟ್ರಾಯ್, ಎಂಟ್ರಿ ಟ್ಯಾಕ್ಸ್ ಎಲ್ಲಾ 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗಲೇ ಅದರೊಳಗೆ ಸೇರಿಹೋದವು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯವರ ಆನ್‌ಲೈನ್ ಚೀಟಿ) ಕೂಡ ಬೇಕಾಗಿಲ್ಲ, ನಿಯಮದಲ್ಲೇ ವಿನಾಯಿತಿ ಇದೆ. "ಯಾವ ಚೆಕ್‌ಪೋಸ್ಟ್, ರಸೀದಿಯ ಫೋಟೋ ಕಳಿಸಿ" ಅಂತ ಕೇಳಿದೆ. ಡ್ರೈವರ್ ಹತ್ತಿರ ಇದೆ ಅಂದ. ಆ ರಸೀದಿ ಇವತ್ತಿಗೂ ಡ್ರೈವರ್ ಹತ್ತಿರವೇ ಇದೆ.

ಜಿಎಸ್‌ಟಿ ವಿಷಯ ಇನ್ನೂ ಸುಲಭ. ಬಿಲ್ಲಿನ ಮೇಲೆ 15 ಅಂಕಿ-ಅಕ್ಷರಗಳ ಜಿಎಸ್‌ಟಿ ನಂಬರ್ ಇರುತ್ತದೆ, ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಿನದು, ಚಾಲ್ತಿಯಲ್ಲಿದೆಯಾ ಅಂತ ಯಾರು ಬೇಕಾದರೂ ನೋಡಬಹುದು, ಲಾಗಿನ್ ಬೇಡ. ಮೊದಲ ಎರಡು ಅಂಕಿ ರಾಜ್ಯದ್ದು. ಹರಿಯಾಣ 06, ದೆಹಲಿ 07, ಕರ್ನಾಟಕ 29. ಇವರ ಆಫೀಸು ಗುರುಗ್ರಾಮದಲ್ಲಿ, ನಂಬರ್ ಶುರುವಾಗುವುದು 08ರಿಂದ, ಅಂದರೆ ರಾಜಸ್ಥಾನ. ಹಾಕಿ ನೋಡಿದರೆ ಯಾವುದೋ ಬೇರೆ ಹೆಸರು, ಅದೂ ರದ್ದಾಗಿರುವ ನೋಂದಣಿ. ನೋಂದಣಿಯೇ ಇಲ್ಲದವನು ತೆರಿಗೆ ವಸೂಲಿ ಮಾಡುವ ಹಾಗಿಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ, ಅವನಿಗೆ ಆಗಲೇ ಕಳಿಸಲಿಲ್ಲ.

ಸಾಮಾನು ಜಾಸ್ತಿ ಅನ್ನುವುದಕ್ಕೆ ಸಿಎಫ್‌ಟಿ ಲೆಕ್ಕ ಅಂತ ಹೇಳುತ್ತಾರೆ, ಘನ ಅಡಿ. ಉದ್ದ, ಅಗಲ, ಎತ್ತರ ಅಡಿಯಲ್ಲಿ ಅಳೆದು ಗುಣಿಸುವುದು ಅಷ್ಟೇ, ಆದರೆ ಹೆಸರು ಕೇಳಿದರೆ ಜನ ಸುಮ್ಮನಾಗಿಬಿಡುತ್ತಾರೆ. ನಮ್ಮದು 700 ಸಿಎಫ್‌ಟಿ ಆಯ್ತು ಅಂತ ಅವನು ಬರೆದಿದ್ದ. ನಮ್ಮ ಮನೆಗೆ ಬಂದಿದ್ದು 14 ಅಡಿ ಗಾಡಿ. ಅಗಲ 6, ಎತ್ತರ 6 ಅಂತ ಹಿಡಿದರೂ ಇಡೀ ಗಾಡಿಯ ಹೊಟ್ಟೆ 504. ಬಾಗಿಲು ಹಾಕುವ ಮುಂಚೆ ನಾನು ತೆಗೆದ ಫೋಟೋದಲ್ಲಿ ಹಿಂದೆ ಇಬ್ಬರು ಆರಾಮಾಗಿ ನಿಲ್ಲುವಷ್ಟು ಜಾಗ ಖಾಲಿ ಇದೆ, ನಿಂತೂ ಇದ್ದಾರೆ, ಒಬ್ಬ ಬೀಡಿ ಹಚ್ಚಿಕೊಳ್ಳುತ್ತಿದ್ದಾನೆ. 504 ಹಿಡಿಸುವ ಗಾಡಿ, ಅದೂ ಅರ್ಧಂಬರ್ಧ ತುಂಬಿದ್ದು, 700 ಹೇಗೆ ಹೊತ್ತುಕೊಂಡು ಹೋಯಿತು ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನೀಲಿ ಟಿಕ್ ಮಾತ್ರ ಬಂತು.

ಇನ್ಶೂರೆನ್ಸ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಬುಕಿಂಗ್ ಹೊತ್ತಿನಲ್ಲಿ ಸಾಮಾನಿನ ಬೆಲೆಯ ಮೇಲೆ 3 ಪರ್ಸೆಂಟ್ ಕೇಳಿದ್ದರು. ಯಾವ ವಿಮಾ ಕಂಪನಿಯ ಪಾಲಿಸಿ, ನನ್ನ ಹೆಸರಲ್ಲಿ ಸರ್ಟಿಫಿಕೇಟ್ ಕೊಡುತ್ತೀರಾ ಅಂದೆ. ಆಗ ಮಾತು ಎಫ್‌ಒವಿ, ಅಂದರೆ ಫ್ರೈಟ್ ಆನ್ ವ್ಯಾಲ್ಯೂ ಕಡೆ ತಿರುಗಿತು. ಅದು ಸಾಗಣೆಯವರು ತಾವೇ ಹಾಕಿಕೊಳ್ಳುವ ಚಾರ್ಜು, ವಿಮೆಯಲ್ಲ. ಪಾಲಿಸಿ ನಂಬರ್ ಇಲ್ಲದೆ ಇನ್ಶೂರೆನ್ಸ್ ಅಂತ ದುಡ್ಡು ಕೇಳಿದರೆ ಕೊಡಲೇಬೇಡಿ.

ಇಷ್ಟೆಲ್ಲಾ ಲೆಕ್ಕ ಸರಿ, ಸಾಮಾನು ಅವನ ಹತ್ತಿರವೇ ಇದೆಯಲ್ಲ? ಎಲ್ಲಿದೆ ಅಂತ ನಮಗೆ ಗೊತ್ತಿಲ್ಲದ ತನಕ ಅವನದೇ ಆಟ. ಹಾಗಾಗಿ ನಾನು ಜಾಸ್ತಿ ಹೊತ್ತು ಕಳೆದಿದ್ದು ಅದನ್ನು ಪತ್ತೆ ಹಚ್ಚುವುದರಲ್ಲೇ.

ಈ ದಂಧೆ ನಡೆಯುವ ಬಗೆ ಗೊತ್ತಿದ್ದರೆ ಪತ್ತೆ ಸುಲಭ. ನಿಮ್ಮ ಜೊತೆ ರೇಟು ಮಾತಾಡಿದವನಿಗೆ ಸ್ವಂತ ಲಾರಿ ಇರುವುದೇ ಅಪರೂಪ. ಅವನು ಕಮಿಷನ್ ಏಜೆಂಟು. ಪ್ಯಾಕಿಂಗ್ ಹುಡುಗರು ದಿನಗೂಲಿಯವರು. ಮನೆ ಬಾಗಿಲಿಗೆ ಬಂದ ಗಾಡಿ ಊರಾಚೆಯ ಗೋಡೌನ್‌ವರೆಗೆ ಮಾತ್ರ, ಅಲ್ಲಿ ಇಳಿಸಿ ನಾಲ್ಕೈದು ಮನೆಯ ಸಾಮಾನು ಒಟ್ಟುಗೂಡಿದ ಮೇಲೆ ದೊಡ್ಡ ಕಂಟೇನರ್‌ಗೆ ತುಂಬಿ ದಕ್ಷಿಣಕ್ಕೆ ಕಳಿಸುತ್ತಾರೆ. ಪಾರ್ಟ್ ಲೋಡ್ ಅನ್ನುತ್ತಾರೆ ಇದಕ್ಕೆ. ಹೀಗೆ ಕೈ ಬದಲಾಯಿಸುವ ಪ್ರತಿಯೊಬ್ಬನಿಗೂ ಏಜೆಂಟು ದುಡ್ಡು ಬಾಕಿ ಇಟ್ಟಿರುತ್ತಾನೆ. ನಮ್ಮ ಮೇಲೆ ಹಾರಾಡುವವನ ಮೇಲೆ ಸಿಟ್ಟಿರುವವರು ದಾರಿಯುದ್ದಕ್ಕೂ ಇರುತ್ತಾರೆ.

ಮನೆಗೆ ಬಂದ ಗಾಡಿಯ ಡ್ರೈವರ್‌ಗೆ ಅವತ್ತು ಚಹಾ ಕೊಟ್ಟು, ಅವನ ನಂಬರ್ ತೆಗೆದುಕೊಂಡು, ನಂಬರ್ ಪ್ಲೇಟಿನ ಫೋಟೋ ಹೊಡೆದುಕೊಂಡಿದ್ದೆ. ಅವನಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ. ಕಂಟೇನರ್‌ನವನ ನಂಬರ್ ಹುಡುಕಿ ಕೊಟ್ಟ. ಕಂಟೇನರ್‌ನವನು ನಾನು ಹೆಸರು ಹೇಳುವ ಮುಂಚೆಯೇ ಏಜೆಂಟನ ವಂಶವನ್ನೆಲ್ಲಾ ಬೈದ. ತುಮಕೂರು ರಸ್ತೆಯ ಒಂದು ಗೋಡೌನ್‌ನಲ್ಲಿ ಆಗಲೇ ಇಳಿಸಿಯಾಗಿತ್ತು, ಅವನ ಬಾಡಿಗೆಯೂ ಪೂರ್ತಿ ಬಂದಿರಲಿಲ್ಲ. ಲೊಕೇಶನ್ ಕಳಿಸಿದ. ಅಂದರೆ "ಗಾಡಿ ಇನ್ನೂ ನಾಗಪುರದಲ್ಲಿದೆ" ಅಂತ ಏಜೆಂಟು ಬೆಳಗ್ಗೆ ಹೇಳಿದ್ದು ಕೂಡ ಸುಳ್ಳು.

ತಮ್ಮನನ್ನು ಕರೆದುಕೊಂಡು ಹೋದೆ. ತಗಡಿನ ಶೆಡ್ಡು. ಒಳಗೆ ಅರ್ಧ ಕತ್ತಲೆ, ನೀಲಿ ಟಾರ್ಪಾಲಿನ ಕೆಳಗೆ ಯಾರ್ಯಾರದೋ ಸಂಸಾರಗಳು. ನಮ್ಮದನ್ನು ಹುಡುಕಲು ನಿಮಿಷವೂ ಬೇಕಾಗಲಿಲ್ಲ, ಯಾಕೆಂದರೆ ಪ್ರತಿ ಡಬ್ಬದ ಮೇಲೂ ಎಲ್ಲಾ ಮಗ್ಗುಲಿಗೂ ಕಪ್ಪು ಮಾರ್ಕರ್‌ನಲ್ಲಿ ಕನ್ನಡದಲ್ಲಿ ಬರೆದಿದ್ದೆ. "ಅಡುಗೆಮನೆ 7", "ಪುಸ್ತಕ 3". ಗುರುಗ್ರಾಮದ ಹುಡುಗರಿಗೆ ಓದಲು ಬರದಿರಲಿ ಅಂತಲೇ ಹಾಗೆ ಬರೆದಿದ್ದು, ಯಾವುದರಲ್ಲಿ ಬೆಲೆಬಾಳುವುದಿದೆ ಅಂತ ಅವರಿಗೆ ಗೊತ್ತಾಗುವುದು ಬೇಡ ನೋಡಿ. "ಅಡುಗೆಮನೆ 7" ತಲೆಕೆಳಗಾಗಿ ನಿಂತಿತ್ತು, ಒಂದು ಮೂಲೆಯಿಂದ ಸಾರಿನಪುಡಿ ಸೋರಿ ಕೆಳಗಿನ ಡಬ್ಬವೆಲ್ಲಾ ಕೆಂಪಾಗಿತ್ತು. ಗೋಡೌನ್ ನೋಡಿಕೊಳ್ಳುವವರು ವಯಸ್ಸಾದವರು. "ನಾನು ಬರೀ ಜಾಗ ಕೊಟ್ಟಿರೋನು ಕಣಮ್ಮ, ಅವನು ಹೇಳದೆ ಹೆಂಗೆ ಬಿಡ್ಲಿ?" ಅಂದರು. ಅವರ ಮಾತೂ ಸರಿಯೇ. ಜಗಳ ಮಾಡಿ ಎತ್ತಿಕೊಂಡು ಬರಲು ಹೋಗಬೇಡಿ, ಕೇಸು ನಮ್ಮ ಮೇಲೇ ತಿರುಗುತ್ತದೆ. ಫೋಟೋ, ವಿಡಿಯೋ ತೆಗೆದುಕೊಂಡು, "ಯಜಮಾನ್ರೇ, ಇದನ್ನ ಬೇರೆ ಕಡೆ ಸಾಗಿಸೋಕೆ ಬಂದ್ರೆ ಒಂದು ಫೋನ್ ಮಾಡಿ" ಅಂತ ನಂಬರ್ ಕೊಟ್ಟು ನೇರ ಆ ವ್ಯಾಪ್ತಿಯ ಪೊಲೀಸ್ ಠಾಣೆಗೆ ಹೋದೆವು.

ಠಾಣೆಯಲ್ಲಿ "ಇದು ಸಿವಿಲ್ ವಿಷಯ" ಅನ್ನಬಹುದು ಅಂತ ಮೊದಲೇ ಅಂದಾಜಿತ್ತು. ಹಾಗಾಗಿ ದೂರಿನಲ್ಲಿ ರೇಟು ಜಾಸ್ತಿ ಕೇಳಿದರು ಅಂತ ಬರೆಯಲಿಲ್ಲ. ಸಾಗಿಸಲು ನಂಬಿ ಕೊಟ್ಟ ಸಾಮಾನನ್ನು ಇಟ್ಟುಕೊಂಡು, ಇಲ್ಲದ ತೆರಿಗೆಯ ಹೆಸರಲ್ಲಿ ದುಡ್ಡು ಕೇಳುತ್ತಿದ್ದಾರೆ, ರದ್ದಾದ ಜಿಎಸ್‌ಟಿ ನಂಬರ್ ಬಳಸಿದ್ದಾರೆ ಅಂತ ಬರೆದೆ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿ ನಂಬಿಕೆ ದ್ರೋಹ ಬರುತ್ತದೆ, ಅದರ ಮೂರನೇ ಉಪಕಲಮು ಸಾಗಣೆದಾರರಿಗೆಂದೇ ಇರುವುದು, ಏಳು ವರ್ಷದವರೆಗೆ ಶಿಕ್ಷೆ. ಹಳೆಯ ಐಪಿಸಿಯಲ್ಲಿ ಇದು 407 ಆಗಿತ್ತು. ಜೊತೆಗೆ ಕೊಟೇಶನ್, ಬಿಲ್ಟಿ (ಸಾಮಾನು ಹತ್ತಿಸಿಕೊಂಡಿದ್ದಕ್ಕೆ ಸಾಗಣೆಯವರು ಕೊಡುವ ರಸೀದಿ), ಬೇಡಿಕೆಯ ಮೆಸೇಜು, ಜಿಎಸ್‌ಟಿ ಸ್ಕ್ರೀನ್‌ಶಾಟು, ಗೋಡೌನ್ ಫೋಟೋ. ಅಲ್ಲಿನ ಹೆಡ್ ಕಾನ್ಸ್‌ಟೇಬಲ್ ಎಲ್ಲಾ ತಿರುವಿ ನೋಡಿ, ಸ್ಪೀಕರ್ ಹಾಕಿಸಿ ಏಜೆಂಟನಿಗೆ ಫೋನ್ ಮಾಡಿದರು. ಸಾಮಾನು ಎಲ್ಲಿದೆ ಅಂತ ಕೇಳಿದರು. ನಾಗಪುರ ಅಂದ. "ನಾಗಪುರದ್ದು ನಮ್ಮ ಲಿಮಿಟ್ಸ್‌ಗೆ ಯಾವಾಗ ಬಂತಪ್ಪ?" ಅಂತ ಇವರು ಕೇಳಿದ ಮೇಲೆ 34 ಸಾವಿರದ ಮಾತು ಮತ್ತೆ ಎದ್ದಿಲ್ಲ. ಬಾಕಿ 22,000 ಮಾತ್ರ, ಅದೂ ಮೈಸೂರಿನಲ್ಲಿ ಇಳಿಸಿದ ಮೇಲೆ ಅಂತ ಅವನೇ ಮೆಸೇಜು ಹಾಕಿದ. ಅಷ್ಟರಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟಿದ್ದೆ. ಅವರು ಕಂಪನಿಯ ಜೊತೆ ಮಾತಾಡಿ ಬಗೆಹರಿಸಲು ನೋಡುತ್ತಾರೆ, ಇಂಥ ಅಡ್ಡದಾರಿಯವರ ಮೇಲೆ ಅದರಿಂದ ಜಾಸ್ತಿ ಒತ್ತಡ ಬೀಳುವುದಿಲ್ಲ. ಆದರೆ ದೂರಿನ ನಂಬರ್ ಸಿಗುತ್ತದೆ, ಇಂಥ ತಾರೀಕಿಗೆ ದೂರಿದ್ದೆ ಅನ್ನುವುದಕ್ಕೆ ದಾಖಲೆ.

ಸಾಮಾನು ಬಂತು. ಬಂದ ತಕ್ಷಣ ಒಂದು ಕಾಗದ ಮುಂದಿಟ್ಟು "ಸೈನ್ ಮಾಡಿ, ಆಮೇಲೆ ಇಳಿಸ್ತೀವಿ" ಅಂದರು. ಎಲ್ಲಾ ಸರಿಯಾಗಿ ತಲುಪಿದೆ ಅಂತ ಅದರಲ್ಲಿ ಮೊದಲೇ ಅಚ್ಚಾಗಿರುತ್ತದೆ. ಇಳಿಸಿ, ಎಣಿಸಿ, ಆಮೇಲೆ ಸೈನು ಅಂದೆ. ಹಮಾಲಿಗಳು ಮೈಸೂರಿನವರೇ, ಅವರಿಗೂ ಇವನು ಕೊಟ್ಟಿದ್ದು ಪುಡಿಗಾಸು. ಪಾಪ, ಚೌಕಾಸಿ ಮಾಡದೆ ಕಾಫಿ-ತಿಂಡಿಗೆ ಕೊಟ್ಟೆ, ಅವರೂ ಅವಸರ ಮಾಡದೆ ಡಬ್ಬದ ನಂಬರ್ ಕೂಗಿ ಹೇಳುತ್ತಾ ಇಳಿಸಿದರು. ಟಿವಿಯ ಪರದೆ ಒಡೆದಿತ್ತು. "ಪೂಜೆ 2" ಬರಲಿಲ್ಲ, ಹಿತ್ತಾಳೆ ಸಾಮಾನಿನ ಡಬ್ಬ ಅದು. ಎರಡನ್ನೂ ಅವರ ಡೆಲಿವರಿ ಕಾಪಿಯ ಮೇಲೇ ಬರೆದು, ಅದರ ಕೆಳಗೆ ಸೈನು ಹಾಕಿ, ಫೋಟೋ ತೆಗೆದುಕೊಂಡು, 22,000 ಕಳಿಸಿದೆ.

ಇಷ್ಟಕ್ಕೇ ಬಿಡುವವರು ಜಾಸ್ತಿ. ನಾನು ಬಿಡಲಿಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ, ಸಾಮಾನು ಕಳೆದಿದೆ, ಹಾಳಾಗಿದೆ ಅಂತ ಸಾಗಣೆದಾರರ ಮೇಲೆ ದಾವೆ ಹೂಡುವ ಮುಂಚೆ ಬರವಣಿಗೆಯಲ್ಲಿ ನೋಟಿಸ್ ಕೊಟ್ಟಿರಬೇಕು, ಅದೂ ಬುಕ್ ಮಾಡಿದ ದಿನದಿಂದ 180 ದಿನದ ಒಳಗೆ. ಸಾಮಾನು ಬಂದ ದಿನದಿಂದ ಎಣಿಸುವುದಲ್ಲ, ಗಮನವಿರಲಿ. ವಕೀಲರೇ ಬೇಕು ಅಂತಿಲ್ಲ. ನಾನೇ ಬರೆದು ಬಿಲ್ಟಿಯಲ್ಲಿದ್ದ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ಅದೇ ಕಾಪಿ ವಾಟ್ಸಾಪ್‌ಗೂ ಇಮೇಲ್‌ಗೂ ಹಾಕಿದೆ. ಉತ್ತರ ಬರಲಿಲ್ಲ. ಆಮೇಲೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು. ಕಂಪನಿ ಹರಿಯಾಣದಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ಇರುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಿದೆ, ಪಿಡಿಎಫ್ ಅಪ್‌ಲೋಡ್ ಮಾಡುವುದೇ ದೊಡ್ಡ ತಲೆನೋವು, ತಾಳ್ಮೆ ಬೇಕು.

ಆಯೋಗದ ನೋಟಿಸ್ ಕೈಗೆ ಸಿಕ್ಕ ಮೇಲೆ ಏಜೆಂಟನೇ ಫೋನ್ ಮಾಡಿದ. ಈ ಸಲ ಮತ್ತೆ ಹಳೆಯ ಬೆಣ್ಣೆ ದನಿ, "ದೀದಿ" ಬೇರೆ. ಕೇಸು ವಾಪಸ್ ತೆಗೆದುಕೊಳ್ಳಿ, ಮಾರನೇ ದಿನ ದುಡ್ಡು ಹಾಕುತ್ತೇನೆ ಅಂದ. ದುಡ್ಡು ಬಂದ ಮಾರನೇ ದಿನ ಕೇಸು ವಾಪಸ್ ಅಂದೆ. ಎಳೆದಾಡಿ ಕೊನೆಗೆ ಟಿವಿಗೂ ಹಿತ್ತಾಳೆ ಸಾಮಾನಿಗೂ ಸೇರಿ 32,000ಕ್ಕೆ ಒಪ್ಪಿದ. ವಾಷಿಂಗ್ ಮಷೀನಿನ ಡ್ರಮ್ಮು ಕೆಟ್ಟಿದ್ದು ಆಮೇಲೆ ಓಡಿಸಿದಾಗ ಗೊತ್ತಾಗಿತ್ತು, ಅದರ ರಿಪೇರಿ ಬಿಲ್ಲು ಮಾತ್ರ ಕೊಡಲ್ಲ ಅಂತ ಹಟ ಹಿಡಿದ, ಇಳಿಸುವಾಗ ಸರಿಯಾಗಿತ್ತಲ್ಲ ಅಂತ. ಆದರೆ ಡೆಲಿವರಿ ಕಾಪಿಯಲ್ಲಿ ಫ್ರಿಜ್ ಮತ್ತು ವಾಷಿಂಗ್ ಮಷೀನ್ ಮುಂದೆ ನಾನು "ಓಡಿಸಿ ನೋಡಿಲ್ಲ" ಅಂತ ಬರೆದಿದ್ದೆ, ಸಾಗಿಸುವಾಗ ಡ್ರಮ್ಮು ಅಲುಗಾಡದಿರಲಿ ಅಂತ ಮಷೀನಿನ ಕಂಪನಿ ಕೊಟ್ಟ ಟ್ರಾನ್ಸಿಟ್ ಬೋಲ್ಟುಗಳನ್ನು ಪ್ಯಾಕಿಂಗ್ ಹುಡುಗರ ಕೈಗೇ ಕೊಟ್ಟ ವಿಡಿಯೋ ಇತ್ತು, ಮಷೀನು ಬಂದಿದ್ದು ಬೋಲ್ಟು ಹಾಕದೆ. ಬೋಲ್ಟುಗಳು ಅದೇ ಪ್ಲಾಸ್ಟಿಕ್ ಕವರಿನಲ್ಲಿ ಡ್ರಮ್ಮಿನ ಒಳಗೇ ಇದ್ದವು. ಆ ಬಿಲ್ಲಿನ ದುಡ್ಡೂ ಬಂದ ಮೇಲೆ ಕೇಸು ವಾಪಸ್ ತೆಗೆದುಕೊಂಡೆ.