ಕೀ ತಿರುಗಿಸಿದರೆ ‘ಟಕ್’ ಅಷ್ಟೆ: ಹಳೇ ಟ್ರಾಕ್ಟರಿನ ವೈರಿಂಗ್ ನಾನೇ ಸರಿಮಾಡಿದ್ದು

ಕೊಡಗಿನಲ್ಲಿ ಹಳೇ ಟ್ರಾಕ್ಟರಿನ ವೈರಿಂಗ್ ಹಾಳಾಗುವುದು ಮಳೆಯಿಂದ. ಆದರೆ ಹಾಳಾದ ವೈರಿಂಗ್ ಇಟ್ಟುಕೊಂಡೇ ವರ್ಷಗಟ್ಟಲೆ ಗಾಡಿ ಓಡುವುದು ನಮ್ಮ ಇಳಿಜಾರಿನ ದಯೆಯಿಂದ. ಸೆಲ್ಫ್ ಹೊಡೆಯಲಿಲ್ಲ ಅಂದ್ರೆ ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸಂಜೆ ಗಾಡಿಯನ್ನು ಏರಿನ ಮೇಲೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಹೋಗುತ್ತಾರೆ. ಬೆಳಿಗ್ಗೆ ಕಲ್ಲು ತೆಗೆದು, ಉರುಳಿಸಿ, ಕ್ಲಚ್ ಬಿಟ್ಟರೆ ಸ್ಟಾರ್ಟ್. ತೋಟದಲ್ಲಿ ಇದು ನಡೆಯುತ್ತದೆ. ಗದ್ದೆಯಲ್ಲಿ ನಡೆಯುವುದಿಲ್ಲ. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿಕೊಂಡು ಮೊಣಕಾಲುದ್ದ ಕೆಸರಿನಲ್ಲಿ ಎಂಜಿನ್ ನಿಂತರೆ ಯಾರನ್ನು ಕರೆದು ತಳ್ಳಿಸುತ್ತೀರಿ?

ನಮ್ಮದು ಪೊನ್ನಂಪೇಟೆ ಕಡೆ. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ, 35 ಎಚ್‌ಪಿಯ ಒಂದು ಹಳೇ ಟ್ರಾಕ್ಟರ್. ಕಂಪನಿ ಹೆಸರು ಬೇಡ, ಈ ವಯಸ್ಸಿಗೆ ಯಾವ ಗಾಡಿಯಾದರೂ ಹೀಗೇ ಆಗುತ್ತದೆ. ಮಳೆಗೆ ಮುಂಚೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸ್ಪ್ರೇ, ಆಮೇಲೆ ಉಳುಮೆ, ಚಳಿಗಾಲದಲ್ಲಿ ಕಾಫಿ ಹಣ್ಣನ್ನು ಕಣಕ್ಕೆ ಸಾಗಿಸುವುದು, ಎಲ್ಲಕ್ಕೂ ಅದೇ. ಕೀ ತಿರುಗಿಸಿದರೆ ಒಮ್ಮೊಮ್ಮೆ ‘ಟಕ್’, ಒಮ್ಮೊಮ್ಮೆ ಅದೂ ಇಲ್ಲ. ಎಂಜಿನ್ ಬಿಸಿಯಾದ ಮೇಲಂತೂ ಪೂರ್ತಿ ಮೌನ. ‘ಬ್ಯಾಟರಿ ಹೋಗಿದೆ ಅಣ್ಣ’ ಅಂದ ನಮ್ಮ ಡ್ರೈವರ್. ‘ಸೆಲ್ಫ್ ಮೋಟರ್ ಬಿಚ್ಚಿ ತನ್ನಿ, ಬುಷ್ ಕಾರ್ಬನ್ ಹಾಕಿಕೊಡ್ತೀನಿ’ ಅಂದರು ಪೇಟೆಯ ಎಲೆಕ್ಟ್ರಿಷಿಯನ್. ಎರಡಕ್ಕೂ ದುಡ್ಡು ಬೇಕು. ಅದಕ್ಕೆ ಮೊದಲು ನಾನೇ ನೋಡೋಣ ಅಂತ ಕೂತೆ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿ ಒತ್ತಿ ಬಿಸಿಯಾಗಿ ಡೀಸೆಲ್ ಹತ್ತಿಕೊಳ್ಳುತ್ತದೆ. ಹಾಗಾಗಿ ನಮ್ಮಂಥ ಹಳೇ ಗಾಡಿಯಲ್ಲಿ ಕೀಗೆ ಇರುವ ದೊಡ್ಡ ಕೆಲಸ ಅಂದರೆ ಸೆಲ್ಫಿಗೆ ಕರೆಂಟ್ ಕಳಿಸುವುದು, ಚಳಿಯಲ್ಲಿ ಹೀಟರ್ ಕಾಯಿಸುವುದು. ನಿಲ್ಲಿಸುವುದಕ್ಕೂ ಡೀಸೆಲ್ ತಡೆಯುವ ಸ್ಟಾಪ್ ರಾಡ್ ಎಳೆಯಬೇಕು. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಡೀಸೆಲ್ ಲೈನ್ ನೋಡಬೇಕು. ತಿರುಗುವುದೇ ಇಲ್ಲ ಅಂದರೆ ಮೊದಲು ವೈರ್ ನೋಡಬೇಕು.

ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟೆ. ಸ್ಟಾಪ್ ರಾಡ್ ಎಳೆದು ಹಗ್ಗದಲ್ಲಿ ಕಟ್ಟಿದೆ. ಆಗ ಸೆಲ್ಫ್ ಹೊಡೆದರೂ ಎಂಜಿನ್ ಹತ್ತಿಕೊಳ್ಳುವುದಿಲ್ಲ. ಹೆಡ್‌ಲೈಟ್ ಹಾಕಿ ಡ್ರೈವರಿಗೆ ಕೀ ತಿರುಗಿಸಲು ಹೇಳಿದೆ. ಲೈಟ್ ಮಂಕಾಗಲೇ ಇಲ್ಲ. ಮೀಟರ್ ಹಿಡಿದರೆ ಬ್ಯಾಟರಿ ಸುಮ್ನೆ ಇದ್ದಾಗ 12.5 ವೋಲ್ಟ್, ಕೀ ತಿರುಗಿಸಿದಾಗ 12.3. ಸೆಲ್ಫ್ ಮೋಟರ್ ನಿಜವಾಗಿ ಎಳೆಯುವಾಗ ನೂರಾರು ಆಂಪ್ ಹೋಗುತ್ತದೆ, ಬ್ಯಾಟರಿ 10ರ ಹತ್ತಿರಕ್ಕೆ ಇಳಿಯಬೇಕು. ಇಲ್ಲಿ ಇಳಿದೇ ಇಲ್ಲ. ಅಂದರೆ ದೊಡ್ಡ ಕರೆಂಟ್ ಹರಿಯುತ್ತಲೇ ಇಲ್ಲ. ಬ್ಯಾಟರಿ ಮೇಲಿನ ಆರೋಪ ಅಲ್ಲಿಗೆ ಮುಗಿಯಿತು.

ಸೆಲ್ಫ್ ಮೇಲೆ ಕೂತಿರುವ ಸೊಲೆನಾಯ್ಡಿಗೆ (ಸೆಲ್ಫಿಗೆ ದೊಡ್ಡ ಕರೆಂಟ್ ಬಿಡುವ ಕಾಯಿಲ್ ಸ್ವಿಚ್) ಬ್ಯಾಟರಿಯಿಂದ ದಪ್ಪ ಕೇಬಲ್ ಬರುತ್ತದೆ, ಕೀಯಿಂದ ಒಂದು ಸಣ್ಣ ವೈರ್ ಬರುತ್ತದೆ. ಆ ಸಣ್ಣ ವೈರ್ ಕಿತ್ತು ಟೆಸ್ಟ್ ಲ್ಯಾಂಪ್ ಕೊಟ್ಟೆ. ಡ್ರೈವರ್ ಕೀ ತಿರುಗಿಸಿದ. ಲ್ಯಾಂಪ್ ಝಗ್ ಅಂತ ಹತ್ತಿತು. ಮೀಟರಿನಲ್ಲಿ 12.4. ‘ನೋಡಿ, ವೈರಿಂಗ್ ಸರಿ ಇದೆ, ಸೆಲ್ಫೇ ಹೋಗಿದೆ’ ಎಂದು ಎಲ್ಲರೂ ತೀರ್ಪು ಕೊಡುವುದು ಇಲ್ಲೇ. ಸೆಲ್ಫ್ ಬಿಚ್ಚಿಸಿ ಸುಮ್ನೆ ದುಡ್ಡು ಕಳೆದುಕೊಳ್ಳುವುದೂ ಇಲ್ಲೇ.

ಮೀಟರ್ ಎಳೆಯುವ ಕರೆಂಟ್ ಏನೇನೂ ಅಲ್ಲ. ಟೆಸ್ಟ್ ಲ್ಯಾಂಪಿನ 5 ವ್ಯಾಟ್ ಬಲ್ಬ್ ಅರ್ಧ ಆಂಪನ್ನೂ ಕೇಳುವುದಿಲ್ಲ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅಷ್ಟು ದಾಟುತ್ತದೆ. ಸೊಲೆನಾಯ್ಡ್ ಎಳೆಯುವಾಗ ಕೇಳುವುದು ಹತ್ತಾರು ಆಂಪ್. ನಮ್ಮ ಸ್ಪ್ರಿಂಕ್ಲರ್ ಪೈಪಿನಲ್ಲೂ ಹೀಗೇ ಅಲ್ವಾ? ಒಳಗೆ ಕಸ ಕಟ್ಟಿದ್ದರೂ, ವಾಲ್ವ್ ಮುಚ್ಚಿರುವಾಗ ಗೇಜ್ ಪೂರ್ತಿ ಪ್ರೆಷರ್ ತೋರಿಸುತ್ತದೆ. ಜೆಟ್ ಬಿಟ್ಟಾಗ ಗೊತ್ತಾಗುತ್ತದೆ ಬಂಡವಾಳ.

ಆದ್ದರಿಂದ ವೈರನ್ನು ವಾಪಸ್ ಸೊಲೆನಾಯ್ಡಿಗೆ ಕೂರಿಸಿದೆ. ಮೀಟರಿನ ಕಪ್ಪು ಪಿನ್ ಬ್ಯಾಟರಿಯ ನೆಗೆಟಿವ್ ಮೇಲೆ, ಕೆಂಪು ಪಿನ್ ಸೊಲೆನಾಯ್ಡಿನ ಸಣ್ಣ ಟರ್ಮಿನಲ್ ಮೇಲೆ. ಈಗ ಕೀ ತಿರುಗಿಸು ಅಂದೆ. 7 ವೋಲ್ಟ್ ಚಿಲ್ಲರೆ! ದಾರಿಯಲ್ಲಿ 5 ವೋಲ್ಟ್ ಮಾಯ. ಇದನ್ನು ಮಾಡುವಾಗ ಕೀಯನ್ನು ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು, ಕಾಯಿಲ್ ಕಾಯುತ್ತದೆ.

ಆಮೇಲೆ ಹಿಂದಕ್ಕೆ ನಡೆಯುವುದು. ಕಪ್ಪು ಪಿನ್ ಅಲ್ಲೇ ಇರಲಿ, ಕೆಂಪು ಪಿನ್ ಮಾತ್ರ ಒಂದೊಂದೇ ಜಾಯಿಂಟಿಗೆ. ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರ್ ಹಿಂದೆ ಎರಡು ನಟ್ ಇವೆ. ನಮ್ಮ ಗಾಡಿಯಲ್ಲಿ ಕೀಗೆ ಹೋಗುವ ಕರೆಂಟ್ ಅಲ್ಲಿಂದಲೇ ದಾಟಬೇಕು. ಒಂದು ನಟ್ ಕೈಯಲ್ಲೇ ತಿರುಗಿತು. ಅಲ್ಲಿ ಅರ್ಧ ವೋಲ್ಟ್ ಹೋಗುತ್ತಿತ್ತು. ಕೀ ಸ್ವಿಚ್ಚಿನ ಒಳಗೆ ಇನ್ನೊಂದು ವೋಲ್ಟ್, ಕಾಂಟ್ಯಾಕ್ಟ್ ಸವೆದಿತ್ತು. ಉಳಿದ ಮೂರು ಚಿಲ್ಲರೆ ವೋಲ್ಟ್ ಹೋಗುತ್ತಿದ್ದದ್ದು ಸೇಫ್ಟಿ ಸ್ವಿಚ್ಚಿನಿಂದ (ಗೇರಿನಲ್ಲಿದ್ದಾಗ ಸೆಲ್ಫ್ ಹೊಡೆಯದಂತೆ ತಡೆಯುವ ಸ್ವಿಚ್) ಸೊಲೆನಾಯ್ಡಿನವರೆಗಿನ ಒಂದು ಮೊಳ ವೈರಿನಲ್ಲಿ.

ಆ ವೈರ್ ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಬೆರಳಲ್ಲಿ ಬಗ್ಗಿಸುತ್ತಾ ಹೋದೆ. ಒಂದು ಕಡೆ ಮಾತ್ರ ಮೆತ್ತಗೆ ಮಡಚಿಕೊಂಡಿತು, ಒಳಗೆ ಬೆನ್ನೆಲುಬೇ ಇಲ್ಲ. ಬ್ಲೇಡಿನಲ್ಲಿ ಸೀಳಿದರೆ ತಾಮ್ರದ ಬದಲು ಹಸಿರು ಪುಡಿ ಉದುರಿತು. ಪೂರ್ತಿ ಕಿಲುಬು. ಅದರ ನಡುವೆ ಕಪ್ಪಾದ ಎಳೆಗಳು ನಾಲ್ಕೈದು. ಹಿಂದೆ ಯಾರೋ ಅಲ್ಲೇ ಜಾಯಿಂಟ್ ಹಾಕಿ ಟೇಪ್ ಸುತ್ತಿದ್ದರು. ಟೇಪಿನೊಳಗೆ ಹೊಕ್ಕ ಮಳೆನೀರು ಹೊರಗೆ ಬಂದಿರಲಿಲ್ಲ. ಬೋರ್ಡೋ ಕಲಸುವಾಗ ಮೈಲುತುತ್ತದ ನೀರೂ ಸಿಡಿದಿರಬೇಕು, ಆ ಬದಿಯ ಬೋಲ್ಟುಗಳೆಲ್ಲ ಸವೆದಿದ್ದವು. ಬಿಸಿಯಾದ ಮೇಲೆ ಜಾಸ್ತಿ ತೊಂದರೆ ಯಾಕೆ ಅಂತಲೂ ಗೊತ್ತಾಯಿತು. ಬಿಸಿಗೆ ವೈರಿನ ಮತ್ತು ಕಾಯಿಲಿನ ರೆಸಿಸ್ಟೆನ್ಸ್ ಏರುತ್ತದೆ. ಮೊದಲೇ ಅಂಚಿನಲ್ಲಿದ್ದ ಸೊಲೆನಾಯ್ಡ್ ಆಗ ಕೈಚೆಲ್ಲುತ್ತದೆ.

ರಿಪೇರಿ ದೊಡ್ಡದೇನಲ್ಲ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿದೆ, ಕೊನೆಗೆ ಹಾಕಿದೆ. 4 ಸ್ಕ್ವೇರ್ ಎಂಎಂನ ಬಹು ಎಳೆಯ ಆಟೋ ವೈರ್ ಎಳೆದೆ. ಮನೆ ವೈರಿಂಗಿನ ಗಟ್ಟಿ ಒಂಟಿ ಎಳೆ ವೈರ್ ಹಾಕಬೇಡಿ, ಅದುರಾಟಕ್ಕೆ ತುಂಡಾಗುತ್ತದೆ. ವೈರಿನ ತುದಿಗೆ ಲಗ್ಗುಗಳನ್ನು (ಬೋಲ್ಟಿಗೆ ಕೂರುವ ಲೋಹದ ತುಂಡು) ಒತ್ತಿ ಕ್ರಿಂಪ್ ಮಾಡಿ, ಮೇಲೆ ಹೀಟ್ ಸ್ಲೀವ್ ಹಾಕಿ, ಬೋಲ್ಟ್ ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರಿದೆ. ಬಿಗಿ ಮಾಡುವ ಮೊದಲು ಲೋಹ ಹೊಳೆಯುವವರೆಗೆ ಉಜ್ಜಬೇಕು.

ಜೊತೆಗೆ ಒಂದು 12 ವೋಲ್ಟ್, 40 ಆಂಪ್ ರಿಲೇ ಸೇರಿಸಿದೆ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್ ಅದು. ಬ್ಯಾಟರಿಯಿಂದ ಫ್ಯೂಸ್ ದಾಟಿ ನೇರ ರಿಲೇಯ 30 ನಂಬರಿನ ಪಿನ್ನಿಗೆ, 87ರಿಂದ ಸೊಲೆನಾಯ್ಡಿಗೆ. ಕೀಯಿಂದ ಬಂದು ಸೇಫ್ಟಿ ಸ್ವಿಚ್ ದಾಟಿದ ಹಳೇ ವೈರ್ 86ಕ್ಕೆ, 85 ಅರ್ತಿಗೆ. ಈಗ ಸವೆದ ಕೀ ಸ್ವಿಚ್ ಹೊರಬೇಕಾದ್ದು ರಿಲೇ ಕಾಯಿಲಿನ ಕಾಲು ಆಂಪಿನಷ್ಟು ಮಾತ್ರ. ಹೊಸ ಕೀ ಸ್ವಿಚ್ಚಿನ ಖರ್ಚು ಉಳಿಯಿತು.

ಸೇಫ್ಟಿ ಸ್ವಿಚ್ಚನ್ನು ಕಿತ್ತು ಎರಡು ವೈರ್ ಸೇರಿಸಿ ತಿರುಚಿಬಿಡುವುದು ನಮ್ಮಲ್ಲಿ ಮಾಮೂಲಿ. ಸ್ಕ್ರೂಡ್ರೈವರ್ ಇಟ್ಟು ಸೊಲೆನಾಯ್ಡನ್ನು ಶಾರ್ಟ್ ಮಾಡಿ ಸ್ಟಾರ್ಟ್ ಮಾಡುವುದೂ ಅಷ್ಟೇ ಮಾಮೂಲಿ. ಗಾಡಿ ಗೇರಿನಲ್ಲಿದ್ದರೆ ಸ್ಟಾರ್ಟ್ ಆದ ತಕ್ಷಣ ಮುಂದಕ್ಕೆ ಹಾರುತ್ತದೆ, ಶಾರ್ಟ್ ಮಾಡುವವನು ನಿಂತಿರುವುದು ಹಿಂದಿನ ಚಕ್ರದ ಎದುರಿಗೆ. ಇದರಲ್ಲಿ ಸತ್ತವರಿದ್ದಾರೆ. ಸ್ವಿಚ್ ಕೆಟ್ಟಿದ್ದರೆ ಹೊಸದು ಹಾಕಿ.

ಕೀ ತಿರುಗಿಸಿದಾಗ ಸೆಲ್ಫ್ ಎಳೆಯಿತು, ಆದರೆ ಸ್ವಲ್ಪ ಸೋಮಾರಿ. ಆಗ ಅರ್ತ್ ನೋಡಿದೆ. ಬ್ಯಾಟರಿ ನೆಗೆಟಿವ್ ಪೋಸ್ಟಿಗೂ ಎಂಜಿನ್ ಬ್ಲಾಕಿಗೂ ನಡುವೆ ಮೀಟರ್ ಇಟ್ಟು ಸೆಲ್ಫ್ ಹೊಡೆಸಿದರೆ 0.9 ವೋಲ್ಟ್. ಅಲ್ಲಿ 0.2ಕ್ಕಿಂತ ಹೆಚ್ಚು ಇರಬಾರದು. ಅರ್ತ್ ಪಟ್ಟಿಯ ಬೋಲ್ಟನ್ನು ಬಣ್ಣದ ಮೇಲೇ ಬಿಗಿದಿದ್ದರು. ಬಣ್ಣ ಕೆರೆದು, ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿದ ಮೇಲೆ 0.15ಕ್ಕೆ ಬಂತು. ಸ್ಟಾಪ್ ರಾಡಿನ ಹಗ್ಗ ಬಿಚ್ಚಿ ಕೀ ತಿರುಗಿಸಿದರೆ ಅರ್ಧ ಸುತ್ತಿಗೇ ಎಂಜಿನ್ ಹತ್ತಿಕೊಂಡಿತು.

ಈಗ ಉಳಿದಿರುವುದು ಇಲಿ ಕಾಟ. ಬಾನೆಟ್ ಒಳಗೆ ಗೂಡು ಕಟ್ಟುತ್ತವೆ, ಹೊಸ ವೈರಿನ ಮೇಲೆ ಅವಕ್ಕೆ ಪ್ರೀತಿ ಜಾಸ್ತಿ. ವೈರನ್ನೆಲ್ಲ ಕೊಳವೆಯಲ್ಲಿ ತೂರಿಸಿದ್ದೇನೆ. ಕೊಳವೆಯ ಕೆಳಗಿನ ತುದಿಗೆ ಟೇಪ್ ಸುತ್ತದೆ ತೆರೆದೇ ಬಿಟ್ಟಿದ್ದೇನೆ, ಒಳಗೆ ಹೋದ ನೀರು ಇಳಿದುಹೋಗಲಿ ಅಂತ.